ಡೇರೆರಾಯರ ಗುಟ್ಟು

ಪ್ರತಿ ಆಫೀಸಿನಲ್ಲೂ ಒಬ್ಬ ಡೇರೆರಾಯರು ಇರುತ್ತಾರೆ. ಹೆಸರು ಬೇರೆ, ಹುದ್ದೆ ಬೇರೆ. ಗುರುತು ಮಾತ್ರ ಒಂದೇ. ಸೋಮವಾರ ಬೆಳಿಗ್ಗೆ ಕುತ್ತಿಗೆಯವರೆಗೆ ಕಪ್ಪಿಟ್ಟ ಮುಖ, ಮೊಣಕೈ ತುಂಬ ಸೊಳ್ಳೆ ಕಡಿತ, ಲ್ಯಾಪ್‌ಟಾಪ್ ಚೀಲದ ಜಿಪ್ಪಿನಿಂದ ಇನ್ನೂ ಉದುರುವ ಮರಳು. ಕ್ಯಾಂಟೀನಿನಲ್ಲಿ ಕಾಫಿ ಲೋಟ ಹಿಡಿದು ನಿಮ್ಮ ಪಕ್ಕದಲ್ಲೇ ಕೂರುತ್ತಾರೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾರೆ. ಯಾರದೋ ಬಡ್ತಿಯ ಸುದ್ದಿಯೋ, ಯಾರದೋ ಕೆಲಸ ಹೋದ ಸುದ್ದಿಯೋ ಎಂದು ನೀವು ಕಿವಿ ಕೊಟ್ಟರೆ, ಅವರು ಫೋನು ತೆಗೆದು ಒಂದು ಕಡಲತೀರದ ಚಿತ್ರ ತೋರಿಸುತ್ತಾರೆ. "ಒಂದು ನರಪಿಳ್ಳೆ ಇಲ್ಲ ನೋಡಿ. ನಿಮಗೆ ಮಾತ್ರ ಹೇಳ್ತಿದೀನಿ. ಯಾರಿಗೂ ಹೇಳಬೇಡಿ."

ನೀವು ಹೇಳುವುದಿಲ್ಲ. ಹೇಳೋಣವೆಂದರೂ ಯಾರೂ ಉಳಿದಿರುವುದಿಲ್ಲ. ಅಷ್ಟು ಹೊತ್ತಿಗೆ ಮೂರನೇ ಮಹಡಿಯಿಂದ ಹಿಡಿದು ಗೇಟಿನ ಸೆಕ್ಯುರಿಟಿಯವರೆಗೆ ಎಲ್ಲರಿಗೂ ಅವರೇ ಹೇಳಿ, ಎಲ್ಲರಿಂದಲೂ ಭಾಷೆ ತೆಗೆದುಕೊಂಡಾಗಿರುತ್ತದೆ.

ರಾಯರ ಗುಟ್ಟುಗಳಿಗೆ ಒಂದು ಇತಿಹಾಸವೇ ಇದೆ. ಮೊದಲನೆಯದು ಗೋಕರ್ಣದ ಓಂ ಬೀಚು. ಅಲ್ಲಿ ಜನ ಕಂಡರೆಂದು ಹಾಫ್ ಮೂನ್‌ಗೆ ನಡೆದರು. ಅಲ್ಲೂ ಕಂಡರೆಂದು ಬಂಡೆ ಹತ್ತಿಳಿದು ಪ್ಯಾರಡೈಸ್‌ಗೆ ಹೋದರು. ಪ್ಯಾರಡೈಸ್‌ನಲ್ಲಿ ತಮ್ಮದೇ ಆಫೀಸಿನ ಅಕೌಂಟ್ಸ್ ವಿಭಾಗ ಕುಟುಂಬ ಸಮೇತ ಎದುರಾದಾಗ, ಇನ್ನು ಇಲ್ಲಿ ಉಳಿಗಾಲವಿಲ್ಲವೆಂದು ದಕ್ಷಿಣಕ್ಕೆ ಸರಿದು ಅಘನಾಶಿನಿಯ ಅಳಿವೆ ಹಿಡಿದರು. ಕಾಂಡ್ಲಾ ಗಿಡಗಳ ಸಂದಿನಲ್ಲಿ ಕೊಕ್ಕರೆ ನೋಡುತ್ತ ಒಂದಷ್ಟು ಕಾಲ ಸುಖವಾಗಿದ್ದರು. 2024ರಲ್ಲಿ ಆ ಅಳಿವೆಗೆ ರಾಮ್ಸರ್ ತಾಣವೆಂಬ ಪಟ್ಟ ಬಂತು. ಜಿಲ್ಲೆಗೆ ಜಿಲ್ಲೆಯೇ ಹಿಗ್ಗಿದ ದಿನ ರಾಯರು ಊಟ ಸೇರದೆ ಕೂತಿದ್ದರು. "ಮುಗೀತು. ರಾಮ್ಸರ್ ಕಚೇರಿ ಇರೋದು ಸ್ವಿಟ್ಜರ್ಲೆಂಡಲ್ಲಿ. ಅಲ್ಲಿಯವರಿಗೂ ಗೊತ್ತಾಯ್ತು ಅಂದಮೇಲೆ ಇನ್ನೇನು ಉಳೀತು?"

ಹೊನ್ನಾವರದ ಕಾಸರಕೋಡಿನ ವಿಷಯ ತೆಗೆದರಂತೂ ಮೂಗು ಮುರಿಯುತ್ತಾರೆ. ಆ ತೀರಕ್ಕೆ 2020ರಲ್ಲೇ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಶುಚಿಯಾದ ಮರಳು, ಬಟ್ಟೆ ಬದಲಿಸುವ ಕೋಣೆ, ಕಾವಲಿಗೆ ಜನ, ಎಲ್ಲ ಇದೆ. ಎಲ್ಲ ಇದೆ ಎಂಬುದೇ ರಾಯರ ತಕರಾರು. ಶೌಚಾಲಯವಿರುವ ಜಾಗವನ್ನು ಅವರು ನಿಸರ್ಗವೆಂದು ಒಪ್ಪುವುದಿಲ್ಲ.

ಹೀಗೆ ಓಡಿ ಓಡಿ ಸಿಕ್ಕ ಜಾಗ ಶರಾವತಿ ಸೇತುವೆ ದಾಟಿದ ಮೇಲೆ, ಅಪ್ಸರಕೊಂಡದ ಆಸುಪಾಸಿನ ಒಂದು ತೆಂಗಿನ ತೋಟ. ಹಿಂದೆ ಗುಡ್ಡ, ಮುಂದೆ ಗಾಳಿಮರದ ಸಾಲು, ಅದರಾಚೆ ಮರಳು, ಮರಳಿನಾಚೆ ರಾಜ್ಯದ ಮೊದಲ ಸಾಗರ ವನ್ಯಜೀವಿಧಾಮದ ನೀರು. ಕಡಲಾಮೆ ಮೊಟ್ಟೆಯಿಡುವ ಮರಳಿನ ಮೇಲೆ ಡೇರೆ ಹೊಡೆಯುವುದು ಮಹಾಪಾಪವೆಂಬುದರಲ್ಲಿ ರಾಯರಿಗೆ ಎರಡು ಮಾತಿಲ್ಲ. ಅದಕ್ಕೇ ದಂಡೆ ಬಿಟ್ಟು ಒಳಗೆ, ನಾಯ್ಕರ ತೋಟದಲ್ಲಿ, ರಾತ್ರಿಗೆ ಇಷ್ಟೆಂದು ಮಾತಾಡಿಕೊಂಡು ಜಾಗ ಹಿಡಿದರು. ನಾಯ್ಕರಿಗೆ ಮಾತ್ರ ಒಂದು ಅರ್ಥವಾಗಲಿಲ್ಲ. "ಮನೇಲಿ ಕೋಣೆ ಖಾಲಿ ಉಂಟು, ಮಂಚ ಉಂಟು, ಫ್ಯಾನ್ ಉಂಟು. ಹೊರಗೆ ಎಂತಕ್ಕೆ ಮಲಗ್ತ್ರಿ ಮಾರಾಯ್ರೇ?" ಎಂದು ಕೇಳಿದರು. ರಾಯರು ನಕ್ಕರು. ಆ ನಗುವಿನಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹದಿನೈದು ವರ್ಷ ಫ್ಯಾನಿನ ಕೆಳಗೆ ಮಲಗಿದವರ ನೋವಿತ್ತು.

ಪ್ರಯಾಣದ ಹಿಂದಿನ ವಾರ ರಾಯರ ಅಡುಗೆಮನೆಯಿಂದ ತಕ್ಕಡಿ ಮಾಯವಾಗುತ್ತದೆ. ಡೇರೆ 1,400 ಗ್ರಾಂ. ಮಲಗುವ ಚೀಲ 700. ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನು ಅರ್ಧಕ್ಕೆ ಗರಗಸ ಹಾಕಿದ್ದರಿಂದ 8 ಗ್ರಾಂ ಉಳಿತಾಯ. ಟವೆಲ್ಲಿನ ಅಂಚಿಗೆ ಹೊಲಿದ ಕಂಪನಿಯ ಚೀಟಿಯನ್ನೂ ಬ್ಲೇಡಿನಿಂದ ಬಿಡಿಸಿ ತೂಗುತ್ತಾರೆ. ತಕ್ಕಡಿ ಸೊನ್ನೆ ತೋರಿಸಿದರೂ ಮನಸ್ಸಿಗೆ ಹಗುರ. ಇಷ್ಟು ಉಳಿಸಿದ ಮೇಲೆ ಕಾರಿನಲ್ಲಿ ಜಾಗ ಮಿಕ್ಕುತ್ತದಲ್ಲ, ಅಲ್ಲಿಗೆ ಮಡಚುವ ಕುರ್ಚಿ ಎರಡು, ಮೇಜು ಒಂದು, ಐಸ್ ಪೆಟ್ಟಿಗೆ, ಗ್ಯಾಸ್ ಒಲೆ, ಸೋಲಾರ್ ಹಲಗೆ, ಬೀಡಿನ ದೋಸೆಹಂಚು, ಫಿಲ್ಟರು, ಚಿಕೋರಿ ಬೆರೆಸದ ಕಾಫಿಪುಡಿ, ಹಕ್ಕಿ ನೋಡುವ ದುರ್ಬೀನು, ಆ ದುರ್ಬೀನಿಗೊಂದು ಮುಕ್ಕಾಲಿ. ಡಿಕ್ಕಿ ಮುಚ್ಚಲು ರಾಯರು ಮೇಲಿಂದ ಕೂತು ಅದುಮುತ್ತಾರೆ. "ಮದುವೆಯಾಗಿ ಬರುವಾಗ ನಾನು ಇಷ್ಟು ತಂದಿರಲಿಲ್ಲ ಕಣ್ರೀ" ಎನ್ನುತ್ತಾರೆ ಮನೆಯಾಕೆ. ಸಾಗರ, ಜೋಗ, ಗೇರುಸೊಪ್ಪೆಯ ಘಟ್ಟವೆಂದು ನಾನೂರು ಚಿಲ್ಲರೆ ಕಿಲೋಮೀಟರು ಇಷ್ಟನ್ನೂ ಕಾರೇ ಹೊರುತ್ತದೆ. ಗ್ರಾಂ ಲೆಕ್ಕದಲ್ಲಿ ಹಗುರ ಮಾಡಿದ ಆ ಬೆನ್ನುಚೀಲವನ್ನು ರಾಯರು ಹೊತ್ತು ನಡೆಯುವ ದೂರ, ಡಿಕ್ಕಿಯಿಂದ ತೆಂಗಿನ ಬುಡದವರೆಗೆ.

ಡೇರೆ ಏಳುವುದು ನೋಡುವಂಥದ್ದು. ಮೊದಲು ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು ಗಾಳಿ ಪರೀಕ್ಷೆ. ಆಮೇಲೆ ತೆಂಗಿನ ಕೆಳಗಿನ ತಂಪು ಜಾಗದ ಆಯ್ಕೆ. ನಾಯ್ಕರು ಮೇಲೆ ನೋಡಿ, ಕೆಳಗೆ ನೋಡಿ, "ಆ ಗೊನೆ ಬಲಿತಿದೆ" ಎಂದಷ್ಟೇ ಹೇಳಿ ಸುಮ್ಮನಾದ ಮೇಲೆ ಡೇರೆ ಹತ್ತು ಮಾರು ಸರಿಯುತ್ತದೆ. ನಂತರ ಗೂಟ. ಚೆಂದದ ಕೆಂಪು ಅಲ್ಯುಮಿನಿಯಂ ಗೂಟ, ಒಂದೊಂದೂ 10 ಗ್ರಾಂ, ಗಟ್ಟಿನೆಲಕ್ಕೆಂದು ಮಾಡಿದ್ದು. ಮರಳಿಗೆ ಹೊಡೆದರೆ ಸಲೀಸಾಗಿ ಇಳಿಯುತ್ತದೆ, ಹಗ್ಗ ಬಿಗಿದರೆ ಅಷ್ಟೇ ಸಲೀಸಾಗಿ ಮೇಲೆ ಬರುತ್ತದೆ. ರಾಯರು ನಾಲ್ಕನೆಯ ಮೂಲೆಯ ಗೂಟ ಹೊಡೆಯುವಾಗ ಮೊದಲ ಮೂಲೆ ಎದ್ದು ನಿಂತಿರುತ್ತದೆ. ಕೊನೆಗೆ ನಾಯ್ಕರ ಮಗ ನಾಲ್ಕು ಗೋಣಿತಟ್ಟಿನ ತುಂಡಿಗೆ ಮರಳು ತುಂಬಿ, ಬಾಯಿಗೆ ಹಗ್ಗ ಬಿಗಿದು, ಮೊಣಕಾಲುದ್ದ ಗುಂಡಿಯಲ್ಲಿ ಹೂತು, ಮೇಲೆ ತುಳಿದ. ಡೇರೆ ಕದಲಲಿಲ್ಲ. "ಇದಕ್ಕೆ ಡೆಡ್‌ಮ್ಯಾನ್ ಆಂಕರ್ ಅಂತಾರೆ, ಪುಸ್ತಕದಲ್ಲಿದೆ" ಎಂದರು ರಾಯರು. ಹುಡುಗ ತಲೆಯಾಡಿಸಿ, ಪುಸ್ತಕ ಬರೆದವನಿಗೂ ತನಗೂ ಏನೂ ಸಂಬಂಧವಿಲ್ಲವೆಂಬಂತೆ ಕೈ ಝಾಡಿಸಿಕೊಂಡು ಕ್ರಿಕೆಟ್ಟಿಗೆ ಹೋದ.

ಸಂಜೆ ಕಡಲಗಾಳಿ ಬೀಸುವಾಗ ರಾಯರು ಬಾಗಿಲನ್ನು ಪಡುವಣಕ್ಕೆ ಮಾಡಿ ಕೂತು, ಗಾಳಿಯ ಶಾಸ್ತ್ರ ವಿವರಿಸಿದರು. ಹಗಲು ನೆಲ ಬೇಗ ಕಾಯುವುದರಿಂದ ಗಾಳಿ ನೀರಿನ ಕಡೆಯಿಂದ ಬರುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಅದೇ ಗಾಳಿ ತಿರುಗಿ ಘಟ್ಟದ ಕಡೆಯಿಂದ ಕಡಲಿಗೆ ಹೋಗುತ್ತದೆ. ಶಾಸ್ತ್ರದಲ್ಲಿ ಒಂದಕ್ಷರ ತಪ್ಪಿಲ್ಲ. ಶಾಸ್ತ್ರ ಹೇಳಿದವರು ಬಾಗಿಲು ತಿರುಗಿಸಲಿಲ್ಲ, ಅಷ್ಟೆ. ಹತ್ತು ಗಂಟೆಗೆ ಗಾಳಿ ಹೇಳಿದಂತೆಯೇ ತಿರುಗಿತು, ಡೇರೆಯ ಬೆನ್ನಿಗೆ ಬಡಿಯಿತು, ಒಳಗೆ ಉಸಿರು ಕಟ್ಟಿತು. ಇಬ್ಬರ ಉಸಿರಿನ ಹಬೆ ತಣ್ಣನೆಯ ಬಟ್ಟೆಗೆ ತಗುಲಿ ಹನಿಯಾಗಿ ಮೂಗಿನ ಮೇಲೆ ಬೀಳತೊಡಗಿತು. "ರೀ, ಸೋರ್ತಿದೆ." "ಸೋರ್ತಿಲ್ಲ, ಇದು ಕಂಡೆನ್ಸೇಶನ್." "ಹೆಸರು ಏನಾದರೇನು, ಹಣೆ ಒದ್ದೆಯಾಯ್ತು" ಎಂದು ಮನೆಯಾಕೆ ದಿಂಬು ಹಿಡಿದು ನಾಯ್ಕರ ಜಗಲಿಗೆ ನಡೆದರು. ಅಲ್ಲಿ ನಾಯ್ಕರ ತಾಯಿ ಮೊದಲೇ ಚಾಪೆ ಹಾಸಿಟ್ಟಿದ್ದರು.

ಇನ್ನು ಮೌನದ ವಿಷಯ. ರಾಯರು ಇಷ್ಟು ದೂರ ಬರುವುದೇ ಮೌನಕ್ಕಾಗಿ. ಆದರೆ ಅದು ಸಿಕ್ಕಿತೆಂದು ಖಾತ್ರಿಯಾಗದೆ ಅವರಿಗೆ ಸಮಾಧಾನವಿಲ್ಲ. ಫೋನಿನಲ್ಲಿ ಶಬ್ದ ಅಳೆಯುವ ಆ್ಯಪ್ ಇದೆ. ಕತ್ತಲಲ್ಲಿ ಅದನ್ನು ಎತ್ತಿ ಹಿಡಿದು, "ನಲವತ್ತೆರಡು ಡೆಸಿಬೆಲ್! ನಮ್ಮ ಬೆಡ್‌ರೂಮಿಗಿಂತ ಕಮ್ಮಿ!" ಎಂದು ಕೂಗುತ್ತಾರೆ, ಆ್ಯಪು ಎಪ್ಪತ್ತೆಂಟಕ್ಕೆ ಹಾರುತ್ತದೆ. ನಾಯ್ಕರ ನಾಯಿ ಬೊಗಳುತ್ತದೆ. ರಾಯರು ನಾಯಿಗೆ "ಶ್ಶ್" ಎನ್ನುತ್ತಾರೆ. ನಾಯಿ ಸುಮ್ಮನಾದ ಹೊತ್ತಿಗೆ ದೂರದಲ್ಲಿ ಕೊಂಕಣ ರೈಲು ಕೂಗುತ್ತದೆ. ಆ ಮಾರ್ಗದಲ್ಲೇ ಅತಿ ಉದ್ದದ ಸೇತುವೆ ಹೊನ್ನಾವರದ ಶರಾವತಿಯ ಮೇಲಿನದು, 2 ಕಿಲೋಮೀಟರಿಗೂ ಮಿಕ್ಕಿ. ಅಷ್ಟುದ್ದವನ್ನೂ ರೈಲು ದಾಟಿ ಮುಗಿಸುವವರೆಗೆ ರಾಯರು ಹಲ್ಲು ಕಚ್ಚಿ ಕಾಯುತ್ತಾರೆ. ಬೆಳಗಿನ ಜಾವ ಮೀನುಗಾರಿಕೆ ಬೋಟುಗಳ ಇಂಜಿನ್ ಶುರು. ಅದಕ್ಕೂ ರಾಯರು ಉಪಾಯ ಹುಡುಕಿದ್ದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ, ಆಗ ಬಂದರೆ? ನಾಯ್ಕರು ಕೆಲ ಹೊತ್ತು ರಾಯರ ಮುಖವನ್ನೇ ನೋಡಿ ಹೇಳಿದರು: "ಬನ್ನಿ. ಡೇರೆ ತರಬೇಡಿ, ದೋಣಿ ತನ್ನಿ."

ಆದರೆ ರಾಯರನ್ನು ಬರೀ ನಗೆಪಾಟಲಿಗೆ ಇಡುವುದು ನ್ಯಾಯವಲ್ಲ. ಆಮೆಯ ವಿಷಯಕ್ಕೆ ಬಂದರೆ ಅವರು ಬೇರೆಯೇ ಮನುಷ್ಯ. ಆಲಿವ್ ರಿಡ್ಲೆ ಕಡಲಾಮೆ ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆಯಿಡುತ್ತದೆ, ಮರಿಯಾಗಲು 45ರಿಂದ 60 ದಿನ ಬೇಕು, ಮರಳಿನ ಬಿಸಿ ಹೆಚ್ಚಿದರೆ ಹುಟ್ಟುವುದು ಹೆಣ್ಣು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದಕ್ಕೆ ಹುಲಿಯ ಪಂಕ್ತಿಯಲ್ಲೇ ಎಲೆ. ಇದೆಲ್ಲ ಅವರಿಗೆ ಕಂಠಪಾಠ. ಗೂಡಿನಿಂದೆದ್ದ ಮರಿ ಬೆಳಕು ಹೆಚ್ಚಿರುವ ಕಡೆಗೆ ತೆವಳುತ್ತದೆ. ದೀಪಗಳಿಲ್ಲದ ತೀರದಲ್ಲಿ ಆ ಬೆಳಕು ಕಡಲಿನ ಮೇಲಿನದು. ದೀಪವಿದ್ದರೆ ಮರಿ ರಸ್ತೆಯ ಪಾಲು. ಹಾಗಾಗಿ ರಾಯರು ಕತ್ತಲಾಗುತ್ತಲೇ ತಮ್ಮ ದೀಪ ಆರಿಸಿ, ಪಕ್ಕದ ತೋಟದವರದ್ದು ಆರಿಸಿಸಿ, ನಾಯ್ಕರ ಮನೆಯ ಪಡುವಣ ಗೋಡೆಯ ಬಲ್ಬನ್ನೂ ಕೈಮುಗಿದು ಆರಿಸಿಸಿದರು. ಉತ್ಸಾಹದಲ್ಲಿ ಅಡುಗೆಮನೆಯದೂ ಹೋಯಿತು. ಆ ರಾತ್ರಿ ನಾಯ್ಕರ ಮನೆಮಂದಿ ಬಂಗುಡೆಯ ಮುಳ್ಳನ್ನು ಬೆರಳಲ್ಲೇ ತಡವಿ ಊಟ ಮುಗಿಸಿದರು.

ಆಮೇಲೆ ರಾಯರು ಗಾಳಿಮರದ ಬುಡದಲ್ಲಿ ಹೋಗಿ ಕೂತರು. ಗಸ್ತಿಗೆ ಬಂದ ಅರಣ್ಯ ಇಲಾಖೆಯ ವಾಚರು ಒಂದು ಮಾರು ದೂರದಲ್ಲಿ ಕೂತ. ಇಬ್ಬರೂ ಮಾತಾಡಲಿಲ್ಲ. ಉಬ್ಬರ ಏರಿತು, ಇಳಿಯತೊಡಗಿತು. ಏಡಿಗಳು ರಾಯರ ಪಾದವನ್ನೇ ದಾಟಿ ಹೋದವು. ನಾಲ್ಕರ ಹೊತ್ತಿಗೆ ವಾಚರು ಎದ್ದು, "ಇವತ್ತು ಇಲ್ಲ ಸರ್, ಅದಕ್ಕೂ ಮನಸ್ಸು ಬರಬೇಕಲ್ಲ" ಎಂದು ಹೋದ. ಅಷ್ಟು ಹೊತ್ತು ರಾಯರು ತುಟಿ ಬಿಚ್ಚದೆ ಕೂತದ್ದು ಚರಿತ್ರೆಯಲ್ಲೇ ಮೊದಲು. ನೋಡಿ ನಂಬಬೇಕಿದ್ದ ಮನೆಯಾಕೆ ಜಗಲಿಯಲ್ಲಿ ನಿದ್ದೆ ಹೋಗಿದ್ದರು.

ಬೆಳಗಾಯಿತು, ರಾತ್ರಿಯ ಮೌನವನ್ನು ನಾಲ್ಕು ಜನಕ್ಕೆ ಹೇಳದೆ ಇರುವುದು ಹೇಗೆ? ಮಡಚುವ ಕುರ್ಚಿಯಲ್ಲಿ ಕೂತು, ಕಾಫಿ ಹಿಡಿದು, ಕಡಲು ನೋಡುವ ಚಿತ್ರ ತೆಗೆಸಿಕೊಂಡು ಇನ್‌ಸ್ಟಾಗ್ರಾಂಗೆ ಏರಿಸಿದರು. ಲೊಕೇಶನ್ ಹಾಕಲಿಲ್ಲ. "ಎಲ್ಲಿ ಸರ್?" ಎಂದು ಕೇಳಿದವರಿಗೆಲ್ಲ ಮುಗುಳ್ನಗೆಯ ಗುರುತೊಂದನ್ನೇ ಕಳಿಸಿದರು. ಎರಡು ದಿನ ಈ ಸಂಯಮದ ಬಗ್ಗೆ ಅವರಿಗೇ ಅಭಿಮಾನ ಉಕ್ಕಿತು. ಮೂರನೇ ದಿನ ಭಾವಮೈದುನ ಫೋನು ಮಾಡಿ, "ಭಾವ, ನಿಮ್ಮ ತಲೆ ಹಿಂದೆ ಬೋರ್ಡಿದೆ, ಓದ್ಕೊಳ್ಳಿ" ಎಂದ. ಊರಿನ ಹೆಸರು, ವನ್ಯಜೀವಿಧಾಮದ ಹೆಸರು, ಅರಣ್ಯ ಇಲಾಖೆ, ಹೊನ್ನಾವರ ವಿಭಾಗ, ಎಲ್ಲವೂ ಅಚ್ಚ ಹಳದಿ ಅಕ್ಷರದಲ್ಲಿ ರಾಯರ ಟೋಪಿಯ ಮೇಲೆ ಕಿರೀಟವಾಗಿ ಮೆರೆಯುತ್ತಿತ್ತು.

ಮುಂದಿನ ಡಿಸೆಂಬರಿಗೆ ರಾಯರು ಹೋದಾಗ ನಾಯ್ಕರ ತೋಟದಲ್ಲಿ ಹನ್ನೆರಡು ಡೇರೆಗಳಿದ್ದವು. ತೆಂಗಿನಿಂದ ತೆಂಗಿಗೆ ಸೀರಿಯಲ್ ಸೆಟ್ಟು, ಎರಡು ಹೊಸ ಬಚ್ಚಲು, 'ಪ್ರಶಾಂತ ಬೀಚ್ ಕ್ಯಾಂಪ್' ಎಂಬ ಬೋರ್ಡು, ಬೋರ್ಡಿನ ಕೆಳಗೆ ಹಾಡುವ ಸ್ಪೀಕರು. ನಾಯ್ಕರು ಎಳನೀರು ಕೆತ್ತಿ ಕೈಗಿಟ್ಟು, "ಎಲ್ಲ ನಿಮ್ಮ ದಯೆ. ನಿಮಗೆ ಡಿಸ್ಕೌಂಟ್ ಉಂಟು" ಎಂದರು. ರಾಯರಿಗೆ ಎಳನೀರು ಗಂಟಲಲ್ಲಿ ಇಳಿಯಲಿಲ್ಲ. ಸೀರಿಯಲ್ ಸೆಟ್ಟಿನ ಮೇಲೆ ಯುದ್ಧ ಸಾರಿದರು. ನಾಯ್ಕರಿಗೆ ಆಮೆಯ ಮರಿಯ ಕಥೆ, ವಾಚರಿಗೆ ದೂರು, ಅರಣ್ಯ ಇಲಾಖೆಗೆ ಮೂರು ಪುಟದ ಪತ್ರ. ಅವರ ಕಾಟ ತಾಳಲಾರದೆ ಆಮೆ ಬರುವ ತಿಂಗಳುಗಳಲ್ಲಿ ಕಡಲ ಕಡೆಯ ದೀಪ ಉರಿಸುವುದಿಲ್ಲವೆಂದು ನಾಯ್ಕರು ಒಪ್ಪಿದರು. ಸ್ಪೀಕರೂ ಒಳಗೆ ಹೋಯಿತು. ರಾಯರ ಜೀವಮಾನದ ದೊಡ್ಡ ಗೆಲುವು ಇದು. ಅವರಿಗೆ ಅದು ಸೋಲಾಗಿಯೇ ಕಂಡಿತು, ಏಕೆಂದರೆ ಡೇರೆಗಳು ಹನ್ನೆರಡೂ ಹಾಗೇ ಇದ್ದವು.

ಆಮೆ ತಾನು ಹುಟ್ಟಿದ ಕರಾವಳಿಗೇ ತಿರುಗಿ ಬಂದು ಮೊಟ್ಟೆಯಿಡುತ್ತದೆ. ರಾಯರು ಜನ ಕಂಡ ಜಾಗಕ್ಕೆ ಮತ್ತೆ ಕಾಲಿಡುವ ಪೈಕಿಯಲ್ಲ. ಬೆಂಗಳೂರಿಗೆ ಬಂದವರೇ ಕ್ಯಾಂಟೀನಿನಲ್ಲಿ ಕಾಫಿ ಲೋಟ ಟೇಬಲ್ಲಿಗೆ ಕುಟ್ಟಿ, ಈ ಸಲ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಹೊನ್ನಾವರ ಕಡೆ ತಲೆ ಹಾಕಬೇಡಿ. ಪೂರ್ತಿ ಹಾಳಾಗಿದೆ. ಎಲ್ಲರಿಗೂ ಹೇಳಿ." ಇನ್‌ಸ್ಟಾಗ್ರಾಂನಲ್ಲೂ ಬರೆದರು, ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಹಾಕಿದರು. ವರ್ಷಗಟ್ಟಲೆ ಗುಟ್ಟು ಹೇಳಿ ಉಳಿಸಿಕೊಳ್ಳಲಾಗದ ಮೌನವನ್ನು ಈ ಒಂದು ಬೈಗುಳ ಉಳಿಸಿಕೊಟ್ಟಿತು. ಜನ ಇನ್ನೊಂದು ಬೀಚು ಹುಡುಕಿಕೊಂಡರು. ರಾಯರೂ ಹುಡುಕುತ್ತಿದ್ದಾರೆ.

ಅವರ ಮನೆಯಾಕೆ ಮಾತ್ರ ಹುಡುಕಲು ಹೋಗಲಿಲ್ಲ. ಈ ಚಳಿಗಾಲದಲ್ಲಿ ಅಕ್ಕತಂಗಿಯರನ್ನು ಕಟ್ಟಿಕೊಂಡು ರಾತ್ರಿ ಬಸ್ಸಿಗೆ ಹೊನ್ನಾವರದಲ್ಲಿ ಇಳಿದು, ಒಂದೊಂದು ಕೈಚೀಲದಲ್ಲಿ ನಾಯ್ಕರ ಜಗಲಿಗೆ ಹೋಗಿ ನಾಲ್ಕು ದಿನ ಮಲಗಿ ಬಂದರು. ತೋಟ ಖಾಲಿಯಿತ್ತು. ನಾಯ್ಕರು ಬಾಳೆಲೆಗೆ ಬಡಿಸುತ್ತ ದುಃಖ ತೋಡಿಕೊಂಡರಂತೆ: "ರಾಯರಿಗೆ ಒಂದು ಮಾತು ಹೇಳಿ ಅಮ್ಮ. ಹೊಗಳೋದಾದ್ರೂ ಬೈಯೋದಾದ್ರೂ ಸ್ವಲ್ಪ ಕಮ್ಮಿ ಮಾಡ್ಲಿ. ಹನ್ನೆರಡು ಡೇರೆ ದುಡ್ಡು ಕೊಟ್ಟು ತಂದಿದ್ದು. ಈಗ ಬಿಚ್ಚಿ ಅಂಗಳಕ್ಕೆ ಹಾಸಿ ಮೇಲೆ ಕೊಬ್ಬರಿ ಹರವಿದ್ದೇವೆ. ಅದೊಂದು ಮಾತ್ರ ಚಲೋ ಒಣಗ್ತದೆ."