ಹುಳದ ಭಾವ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ನಿಮಗೆ ನೆಂಟರಿದ್ದರೆ ಅವರಲ್ಲೊಬ್ಬ ಹುಳದ ಭಾವ ಇದ್ದೇ ಇರುತ್ತಾನೆ. ಅವನು ಯಾರ ಅಕ್ಕನ ಗಂಡ, ಯಾರ ಅತ್ತಿಗೆಯ ಅಣ್ಣ ಎಂದು ಯಾರೂ ಲೆಕ್ಕ ಹಾಕುವುದಿಲ್ಲ. ಹಾಕುತ್ತಾ ಹೋದರೆ ಅದು ನಿಮ್ಮ ಮನೆ ಬಾಗಿಲಿಗೇ ಬಂದು ನಿಲ್ಲುವ ಅಪಾಯವಿದೆ. ವಯಸ್ಸು ಅರವತ್ತರ ಆಚೀಚೆ. ಕೈಚೀಲದಲ್ಲಿ ಕವಳದ ಸಂಚಿ, ಟಾರ್ಚು, ಭೂತಗನ್ನಡಿ ಮತ್ತು ನಾಲ್ಕಾರು ಪುಟ್ಟ ಡಬ್ಬಿಗಳು. ಒಂದರಲ್ಲಿ ಸುಣ್ಣ. ಉಳಿದವುಗಳಲ್ಲಿ ಏನಿದೆ ಎಂದು ಊಟಕ್ಕೆ ಮೊದಲು ಕೇಳಬಾರದು.

ಬೇರೆ ನೆಂಟರು ಬಂದರೆ ಕಾಲು ತೊಳೆದು ಜಗುಲಿ ಹತ್ತಿ ನಿಮ್ಮ ಮುಖ ನೋಡುತ್ತಾರೆ. ಭಾವ ಮುಚ್ಚಿಗೆ ನೋಡುತ್ತಾನೆ. ಕಂಬಕ್ಕೆ ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿ ಕೊಡುತ್ತಾನೆ. ಬೆಲ್ಲ ನೀರು ಕುಡಿಯುವಾಗಲೂ ಅವನ ಕಣ್ಣು ಬಾಗಿಲ ಕಟ್ಟಿನ ಬುಡದಲ್ಲಿ. ಅಲ್ಲಿ ಚಿಟಿಕೆಯಷ್ಟು ಹುಡಿ ಬಿದ್ದಿದ್ದರೆ ಮುಗಿಯಿತು, ಅವನ ಮುಖದಲ್ಲಿ ಮೊಮ್ಮಗ ಹುಟ್ಟಿದ ಕಳೆ. ಹುಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ತೀರ್ಪು ಕೊಡುತ್ತಾನೆ. "ಗೆದ್ದಲು ಅಲ್ದೋ. ಗೆದ್ದಲಾದ್ರೆ ಮಣ್ಣಿನ ದಾರಿ ಇರ್ತಿತ್ತು. ತರಿತರಿ ಇದ್ರೆ ಭ್ರಮರ. ಇದು ನುಣ್ಣಗೆ ಇದ್ದು. ಕುಟ್ಟೆ!"

ಆಮೇಲೆ ಕುಟ್ಟೆಪುರಾಣ. ತಾಯಿಹುಳ ಮರದ ಸಣ್ಣ ಸಣ್ಣ ರಂಧ್ರಗಳಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೇ ತಿಂಗಳುಗಟ್ಟಲೆ ಕೂತು ಮರದ ಬಿಳಿ ಭಾಗದ ಪಿಷ್ಟ ಮೇಯುತ್ತದೆ. ಬಲಿತ ಮೇಲೆ ಒಂದೆರಡು ಮಿಲಿಮೀಟರ್ ಅಗಲದ ತೂತು ಕೊರೆದು ಹೊರಗೆ ಬರುತ್ತದೆ. ಅಂದರೆ ನಮಗೆ ಕಾಣುವ ತೂತು ಹುಳ ಒಳಗೆ ಹೋದ ಬಾಗಿಲಲ್ಲ, ಹೊರಟುಹೋದ ಬಾಗಿಲು. ಅದರೊಳಗೆ ಸಿರಿಂಜಿನಲ್ಲಿ ಸೀಮೆಎಣ್ಣೆ ಬಿಡುವವರನ್ನು ಕಂಡರೆ ಭಾವನಿಗೆ ಕನಿಕರ. "ಖಾಲಿ ಮನೆಗೆ ಪೊಲೀಸ್ ಕಳಿಸ್ತಾ ಇದ್ಯಲೋ" ಎನ್ನುತ್ತಾನೆ. ಚೇಗು ನೋಡಿ ಮರ ತಂದ, ಬಿದಿರನ್ನು ಕಡಿದ ಮೇಲೆ ಹಳ್ಳದ ನೀರಿನಲ್ಲಿ ಮುಳುಗಿಸಿ ಪಿಷ್ಟ ಕರಗಿಸಿ ಆಮೇಲೆ ಕಟ್ಟಿದ ಅಜ್ಜಂದಿರ ಮನೆಗಳು ಇನ್ನೂ ನಿಂತಿವೆ ಎಂದು ಬೆರಳು ಮಡಿಸಿ ಎಣಿಸುತ್ತಾನೆ. ಮೇಲೆ ಅಡಿಕೆ ಅಟ್ಟ, ಕೆಳಗೆ ಹೊಗೆಯಾಡುವ ಒಲೆ ಇದ್ದ ಕಾಲದಲ್ಲಿ ಪಕಾಸಿಗೆ ಹಿಡಿದ ಮಸಿಯೇ ಔಷಧಿಯಾಗಿತ್ತಂತೆ. ಅತ್ತಿಗೆಯರ ಕಣ್ಣುರಿ ಹೋದದ್ದು ಒಳ್ಳೆಯದೇ ಆಯಿತು, ಅದರ ಜೊತೆ ಅಟ್ಟದ ಕಾವಲುಗಾರನೂ ಹೋದ ಎನ್ನುವುದು ಅವನ ಅಳಲು. ಈ ಮಾತಿನಲ್ಲಿ ಹುರುಳಿದೆ ಎಂದು ನನಗೂ ಅನಿಸುತ್ತದೆ. ಆದರೆ ಅತ್ತಿಗೆಯರ ಎದುರು ಹೇಳುವ ಧೈರ್ಯ ನನಗಿಲ್ಲ, ಅವನಿಗಿದೆ.

ಅವನು ನಿಜವಾಗಿ ಅಪಾಯಕಾರಿಯಾಗುವುದು ಅಡುಗೆಮನೆಯಲ್ಲಿ. "ಅತ್ತಿಗೆ, ಅಕ್ಕಿ ಡಬ್ಬ ಒಂಚೂರು ನೋಡ್ಲಾ?" ಎಂಬ ಪ್ರಶ್ನೆ ಮಲೆನಾಡಿನ ಮರ್ಯಾದಸ್ಥ ಮನೆಯಲ್ಲಿ ಯಾರೂ ಕೇಳುವಂಥದ್ದಲ್ಲ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವಾಗ ಅಕ್ಕಿಗೆ ಹುಳ ಬೀಳುವುದು ಯಾರ ತಪ್ಪೂ ಅಲ್ಲ. ಆದರೂ ನಮ್ಮ ಹೆಂಗಸರು ಮನೆಯ ಸಾಲ ಒಪ್ಪಿಕೊಂಡಾರು, ಅಕ್ಕಿಹುಳ ಒಪ್ಪಿಕೊಳ್ಳುವುದಿಲ್ಲ. ಭಾವ ಮಾತ್ರ ಮುಷ್ಟಿ ತುಂಬ ಅಕ್ಕಿ ಎತ್ತಿ ಬೆಳಕಿಗೆ ಹಿಡಿದು, "ಸೊಂಡಿಲು ಇದ್ದು, ಅಕ್ಕಿಯದ್ದೇ" ಎಂದು ಜಗುಲಿಗೆ ಕೇಳುವಂತೆ ಘೋಷಿಸುತ್ತಾನೆ. ಹಿಟ್ಟಿನ ಡಬ್ಬದಲ್ಲಿ ಸೊಂಡಿಲಿಲ್ಲದ ಕೆಂಪು ಹುಳ. ಅಲಸಂದೆ ಕಾಳಿನ ಮೇಲೆ ಬಿಳಿ ಚುಕ್ಕಿ ಕಂಡರೆ ಅದು ಮೊಟ್ಟೆ, ಗುಂಡಗಿನ ತೂತು ಕಂಡರೆ ಮರಿ ದೊಡ್ಡದಾಗಿ ಹೊರಟಿದೆ, ಒಂದು ತಿಂಗಳೊಳಗೆ ಇನ್ನೊಂದು ತಲೆಮಾರು ತಯಾರು. ಇಷ್ಟನ್ನು ಅವನು ಹೇಳಿ ಮುಗಿಸುವಾಗ ಅತ್ತಿಗೆಯ ಕೈಯಲ್ಲಿ ಸೌಟು ಇರುತ್ತದೆ.

ಅಕ್ಕಿಗೆ ಬೋರಿಕ್ ಪುಡಿ ಬೆರೆಸಿದ್ದು ಕಂಡರೆ ಮಾತ್ರ ಅವನೂ ಸೌಟು ಹುಡುಕುತ್ತಾನೆ. "ಅದು ಕೇರಂ ಬೋರ್ಡಿಗೆ. ಅನ್ನಕ್ಕಲ್ಲ!" ಅವನ ಚಿಕಿತ್ಸೆ ಇಷ್ಟೆ: ಅಕ್ಕಿಯನ್ನು ತೆಳ್ಳಗೆ ಬಿಸಿಲಿಗೆ ಹರವು, ಓಡುವ ಹುಳ ಓಡಲಿ. ಸೊಂಡಿಲು ಹುಳ ಮೊಟ್ಟೆ ಇಡುವುದು ಕಾಳಿನ ಒಳಗೆ, ಹಾಗಾಗಿ ಜರಡಿ ಹಿಡಿದ ಮಾತ್ರಕ್ಕೆ ಗೆದ್ದೆ ಅಂದುಕೊಳ್ಳಬೇಡ. ಸ್ವಲ್ಪವೇ ಇದ್ದರೆ ಫ್ರೀಜರಿನಲ್ಲಿ ನಾಲ್ಕು ದಿನ ಇಡು, ಮೊಟ್ಟೆಯೂ ಸಾಯುತ್ತದೆ. ತೊಗರಿಬೇಳೆಗೆ ಒಂದು ಚಮಚ ಹರಳೆಣ್ಣೆ ಸವರು. ಡಬ್ಬ ಪೂರ್ತಿ ಖಾಲಿ ಮಾಡಿ, ಮೂಲೆಯ ಹಿಟ್ಟು ಒರೆಸಿ, ಒಣಗಿಸಿ, ಆಮೇಲೆ ಹೊಸ ಅಕ್ಕಿ ತುಂಬು. ಹಳೆಯದರ ಮೇಲೆ ಹೊಸತು ಸುರಿಯಬೇಡ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವರು ತೂತುಗಳಿರುವ ಒಂದು ಕೊಳವೆ ಮಾಡಿದ್ದಾರೆ. ಅಕ್ಕಿಯೊಳಗೆ ಅದನ್ನು ಚುಚ್ಚಿಟ್ಟರೆ ಅಡ್ಡಾಡುವ ಹುಳ ತಾನಾಗಿ ತೂತಿನೊಳಗೆ ಬಿದ್ದು ತಳದಲ್ಲಿ ಸೇರುತ್ತದೆ. ಭಾವ ಅದನ್ನು ಮದುವೆಗಳಲ್ಲಿ ಉಡುಗೊರೆ ಕೊಡುತ್ತಾನೆ. ಮದುಮಗಳ ಮುಖ ಫೋಟೋದಲ್ಲಿ ನೋಡಬೇಕು.

ಇಲ್ಲೇ ಅವನ ದುರಂತ ಇರುವುದು. ಅವನು ಹೇಳುವುದೆಲ್ಲ ಸರಿ, ಆದರೆ ಯಾವುದಕ್ಕೂ ಬಿಲ್ಲಿಲ್ಲ. ಒಣಗಿಸು, ಗುಡಿಸು, ಮುಚ್ಚಿಡು ಎಂದರೆ ಯಾರಿಗೆ ಬೇಕು? ಪೇಟೆಗೆ ಹೋಗಿ, ತಲೆಬುರುಡೆಯ ಚಿತ್ರ ಇರುವ ಬಾಟಲಿ ತಂದು, ಮೂಗಿಗೆ ಟವೆಲ್ ಕಟ್ಟಿ ಹೊಡೆದರೇ ನಮಗೆ ಔಷಧಿ ಹೊಡೆದ ಸಮಾಧಾನ. ಹುಳಕ್ಕಿಂತ ಮೊದಲು ಬೆಕ್ಕು ಸುಸ್ತಾದರೂ ಸರಿ.

ಹಾಸ್ಯಕ್ಕೆ ಸಿಗದ ಒಂದೇ ವಿಷಯ ಅವನ ಹತ್ತಿರ ಇದೆ. ರೇಟು ಏರಲಿ ಎಂದು ರಾಶಿ ಅಡಿಕೆಯನ್ನು ಮನೆಯೊಳಗೇ ಇಟ್ಟುಕೊಂಡ ಒಬ್ಬರು, ಹುಳ ಬಿತ್ತೆಂದು ಚೀಲಗಳ ನಡುವೆ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆ ಇಡಲು ಹೊರಟಿದ್ದರು. ಭಾವ ಕವಳ ಉಗಿದು ಬಂದು ಮಾತಾಡಿದ. ಕವಳ ಉಗಿದು ಮಾತಾಡಿದನೆಂದರೆ ವಿಷಯ ಗಂಭೀರ ಎಂದರ್ಥ. ಗಾಳಿಯ ತೇವ ತಾಗಿದರೆ ಆ ಮಾತ್ರೆ ಫಾಸ್ಫಿನ್ ಅನಿಲ ಬಿಡುತ್ತದೆ. ಅದು ಹುಳ, ಇಲಿ, ಮನುಷ್ಯ ಎಂದು ಭೇದ ಮಾಡುವುದಿಲ್ಲ. ಬೀಗ ಹಾಕಿದ ಗೋದಾಮಿನಲ್ಲಿ ತರಬೇತಾದವರು ಮಾಡುವ ಕೆಲಸ ಅದು, ಜನ ಮಲಗುವ ಮನೆಯಲ್ಲಿ ಅಲ್ಲ. ಅಡಿಕೆಯನ್ನು ಮತ್ತೆ ಅಂಗಳಕ್ಕೆ ಹರವಿಸಿ, ಒಣಗಿದ ಮೇಲೆ ಕಲ್ಲಿನ ಮೇಲೆ ಒಂದೊಂದನ್ನೇ ಬೀಳಿಸಿ ಸದ್ದು ಕೇಳಿ, ಒಪ್ಪಿಗೆಯಾದದ್ದನ್ನು ಮಾತ್ರ ಚೀಲಕ್ಕೆ ತುಂಬಿಸಿದ. ಆ ಮನೆಯ ಯಜಮಾನರು ಇವತ್ತಿಗೂ ಅವನನ್ನು ಪೀಡೆ ಎಂದೇ ಕರೆಯುತ್ತಾರೆ, ಬದುಕಿದ್ದುಕೊಂಡು.

ಭಾವನಿಗೆ ಮನರಂಜನೆಯೂ ಹುಳದ್ದೇ. ಹೆಗ್ಗೋಡಿನ ನೀನಾಸಂಗೆ ನಾಟಕ ನೋಡಲು ಹೋದವನು ಇಂಟರ್‌ವಲ್‌ನಲ್ಲಿ ಬೆಂಚಿನ ಅಡಿ ಟಾರ್ಚು ಬಿಟ್ಟ. ಏನೂ ಸಿಗಲಿಲ್ಲ. ಬೇಸರದಿಂದಲೇ ದ್ವಿತೀಯಾರ್ಧ ನೋಡಿದ.

ಹೊಸನಗರ ತಾಲ್ಲೂಕಿನ ಆ ಮನೆ ನೋಡುವ ಶಾಸ್ತ್ರದ ಕಥೆ ಹೇಳದಿದ್ದರೆ ಅವನ ಚಿತ್ರ ಪೂರ್ತಿಯಾಗದು. ಈಗ ಹಳ್ಳಿಯಲ್ಲಿ ತೋಟ ಮಾಡಿಕೊಂಡಿರುವ ಮಾಣಿಗೆ ಹೆಣ್ಣು ಸಿಗುವುದು ಹೇಗೆಂದು ನಿಮಗೆ ಗೊತ್ತಲ್ಲ. ಹುಡುಗಿಯ ಕಡೆಯವರೇ ಬಂದು ಮನೆ, ತೋಟ, ನೆಟ್‌ವರ್ಕ್ ಮೂರನ್ನೂ ಪರೀಕ್ಷೆ ಮಾಡಿ ಹೋಗುತ್ತಾರೆ. ತೀರ್ಥಹಳ್ಳಿಯಿಂದ ಹುಡುಗಿ, ಅಪ್ಪ, ಅಮ್ಮ, ಜೊತೆಗೆ ಬೆಂಗಳೂರಿನ ಅತ್ತೆ ಬರುವವರಿದ್ದರು. ಮನೆಗೆ ಸುಣ್ಣವಾಯಿತು. ಹಳೆಯ ಬೆಂಚಿನ ಕುಟ್ಟೆತೂತಿಗೆ ಮೇಣ ಮೆತ್ತಿ ವಾರ್ನಿಶ್ ಬಳಿದರು. ಜಗುಲಿಗೆ ರಬ್ಬರ್ ಮರದ ಹೊಸ ಸೋಫಾ ಬಂತು. ಇರಲಿ ಎಂದು ಸೂರಿನ ಉದ್ದಕ್ಕೂ ಸೀರಿಯಲ್ ದೀಪ ಕಟ್ಟಿದರು. ಭಾವನಿಗೆ ಮಾತ್ರ ಹೇಳಲಿಲ್ಲ.

ಹೇಳದಿದ್ದರೇನು, ಏಪ್ರಿಲ್ ತಿಂಗಳು. ಸಾಗರದಲ್ಲಿ ಗುಡುಗಿದ್ದು ಕೇಳಿದ್ದೇ ಮಧ್ಯಾಹ್ನದ ಬಸ್ಸು ಹತ್ತಿದ. ಆ ಮನೆಯ ಪಕ್ಕದ ಗುಡ್ಡದಲ್ಲಿ ರಬ್ಬರ್ ತೋಟ ಇರುವುದು ಅವನಿಗೆ ಗೊತ್ತು. ಬಂದವನು ಮೊದಲು ಸೋಫಾದ ಬುಡ ತಟ್ಟಿ ನೋಡಿದ. "ರಬ್ಬರ್ ಮರ ಕುಟ್ಟೆಗೆ ಪಾಯಸ. ಹಲಗೆಗೆ ಬೋರಾಕ್ಸ್, ಬೋರಿಕ್ ಕುಡ್ಸಿದ್ವಾ ಕೇಳಿ ತಗಂಡ್ಯಾ?" ಮರಕ್ಕಾದರೆ ಬೋರಿಕ್ ಅಡ್ಡಿಯಿಲ್ಲ ಅವನಿಗೆ. ಮಾಣಿಯ ಅಮ್ಮ ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಯಿಗೆ ಹಲಸಿನಕಾಯಿ ಚಿಪ್ಸ್ ತುಂಬಿದರು.

ಸಂಜೆ ನೆಂಟರು ಬಂದು ಕೂತು ಕೇಸರಿಬಾತಿಗೆ ಕೈ ಹಾಕುವಾಗ ಮಳೆ ಸುರಿಯಿತು. ಹದಿನೈದು ನಿಮಿಷ. ನಿಂತ ಮೇಲೆ ಹೆಂಚಿನ ಮೇಲೆ ಟಪಟಪ ಸದ್ದು ಮಾತ್ರ ನಿಲ್ಲಲಿಲ್ಲ. ದೀಪದ ಸರದ ಉದ್ದಕ್ಕೂ ಕರಿಹುಳ. ಗೋಡೆಯ ಹೊಸ ಸುಣ್ಣದ ಮೇಲೆ ಕರಿಹುಳ. ಬೆಂಗಳೂರಿನ ಅತ್ತೆಯ ಸೆರಗಿನ ಮೇಲೆ ಒಂದು. ಅವರು ಅದನ್ನು ಉಜ್ಜಲು ಕೈ ಎತ್ತಿದರು.

"ಒರೆಸಬ್ಯಾಡಿ!" ಅಡುಗೆಮನೆಯಿಂದ ಭಾವ ಹಾರಿಬಂದ. ಅರೆದರೆ ಅದು ಬಿಡುವ ರಸ ಚರ್ಮ ಉರಿಸುತ್ತದೆ, ಕಲೆ ಕೂರುತ್ತದೆ, ನಾತ ಬೇರೆ. ಕಾಗದದ ತುದಿಯಲ್ಲಿ ಮೆಲ್ಲಗೆ ಎತ್ತಿ ಬಿಸಾಡಿದ. "ಇದು ಕಚ್ಚತಿಲ್ಲೆ. ತಮಾ, ಲೈಟ್ ಆರ್ಸು. ಎಲ್ಲಾ ಆರ್ಸು! ದೇವರ ಮನೆದೂ!"

ಅಂಗಳದ ಆಚೆ ಕೊಟ್ಟಿಗೆ ಮೂಲೆಯಲ್ಲಿ ಒಂದೇ ಬಲ್ಬು ನೇತುಹಾಕಿ, ಅದರ ಕೆಳಗೆ ಬಾನಿಗೆ ಸೋಪಿನ ನೀರು ತುಂಬಿಸಿದ. ಹುಳದ ದಂಡು ಆ ಕಡೆ ತಿರುಗಿತು. ಜಗುಲಿಯಲ್ಲಿ ಗಂಡು ಹೆಣ್ಣಿನ ಎರಡೂ ಕಡೆಯವರು ಕತ್ತಲಲ್ಲಿ ತಟ್ಟೆ ಹಿಡಿದು ಕೂತರು. ಭಾವನಿಗೆ ಜೀವನದಲ್ಲಿ ಮೊದಲ ಸಲ ಎದ್ದುಹೋಗಲಾರದ ಶ್ರೋತೃಗಳು ಸಿಕ್ಕಿದ್ದರು.

ಹೇಳಿದ. ಕೇರಳದಲ್ಲಿ ಇದನ್ನು ಮುಪ್ಲಿ ಹುಳ ಎನ್ನುತ್ತಾರೆ, ಶಾಸ್ತ್ರದ ಹೆಸರು ಲುಪ್ರಾಪ್ಸ್ ಟ್ರಿಸ್ಟಿಸ್. ರಬ್ಬರ್ ಎಲೆ ಉದುರಿದಾಗ ತರಗಿನ ಅಡಿ ಮೊಟ್ಟೆ ಇಡುತ್ತದೆ. ಎಳೆ ಎಲೆ ಬಿದ್ದರಂತೂ ಅದಕ್ಕೆ ಹಬ್ಬ. ಮೊದಲ ಮಳೆಗೆ ಹೊಸ ಹುಳಗಳೆಲ್ಲ ಎದ್ದು, ದೀಪ ಕಂಡ ಮನೆಗೆ ಬಂದು, ಹೆಂಚಿನ ಸಂದಿಯಲ್ಲಿ ರಾಶಿ ಬಿದ್ದು ಹತ್ತಿರಹತ್ತಿರ ಒಂಬತ್ತು ತಿಂಗಳು ಮಲಗುತ್ತವೆ. ಕಲ್ಲಿಕೋಟೆಯ ದೇವಗಿರಿಯ ಸೇಂಟ್ ಜೋಸೆಫ್ ಕಾಲೇಜಿನವರು ಲೆಕ್ಕ ಹಾಕಿದ ಪ್ರಕಾರ ಒಂದು ಮನೆಯಲ್ಲಿ 5 ಲಕ್ಷದಿಂದ 40 ಲಕ್ಷದವರೆಗೆ. ತರಗನ್ನು ಮನೆಯಿಂದ ದೂರ ಗುಡಿಸಿಡಬೇಕು, ಸಂದಿ ಮುಚ್ಚಬೇಕು, ಮೊದಲ ಮಳೆಯ ಸಂಜೆಗಳಲ್ಲಿ ದೀಪ ಆರಿಸಬೇಕು. ದೀಪದ ಸರ ಕಟ್ಟುವುದೆಂದರೆ 40 ಲಕ್ಷ ನೆಂಟರಿಗೆ ಕರೆಯೋಲೆ ಕೊಟ್ಟ ಹಾಗೆ.

ಕತ್ತಲಲ್ಲಿ "40 ಲಕ್ಷ" ಎಂಬುದು ಬೆಳಕಿನಲ್ಲಿ ಕೇಳಿದ್ದಕ್ಕಿಂತ ಬಹಳ ದೊಡ್ಡ ಸಂಖ್ಯೆ. ಯಾರೂ ಉಸಿರೆತ್ತಲಿಲ್ಲ. ಹುಡುಗಿ ಮಾತ್ರ ಕೇಳಿದಳು, "ಒಂಬತ್ತು ತಿಂಗಳು ಮಲಗಿದ್ರೆ ಊಟ?"

"ಊಟ ಇಲ್ಲೆ ಕೂಸೆ!" ಭಾವನ ದನಿಯಲ್ಲಿ ಆನಂದ ಉಕ್ಕಿತು. ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಎರಡನೇ ಪ್ರಶ್ನೆ ಕೇಳಿರಲಿಲ್ಲ.

ಬಾನಿ ತುಂಬಿದೆಯಾ ನೋಡಲು ಮಾಣಿಯನ್ನು ಕಳಿಸಿದರು. ಹುಳ ನೋಡಬೇಕೆಂದು ಹುಡುಗಿಯೂ ಭಾವನ ಟಾರ್ಚು ಹಿಡಿದು ಹಿಂದೆ ಹೋದಳು. ಇಬ್ಬರ ನಡುವೆ ಆದ ಮೊದಲ ಮಾತನ್ನು ಜಗುಲಿಯವರೆಲ್ಲ ಕೇಳಿಸಿಕೊಂಡರು. ಮಾಣಿ ಹೇಳಿದ್ದು, "ಟಾರ್ಚ್ ಆರ್ಸಿ."

ನೆಂಟರು ಹೋದ ಮೇಲೆ ಮಾಣಿಯ ಅಮ್ಮ ಭಾವನಿಗೆ ಬಡಿಸಲಿಲ್ಲ. ಅವನೇ ಬಡಿಸಿಕೊಂಡು ಉಂಡು, ಅಕ್ಕಿ ಚೆನ್ನಾಗಿದೆ ಎಂದು ಸರ್ಟಿಫಿಕೇಟು ಕೊಟ್ಟು ಮಲಗಿದ.

ವಾರ ಕಳೆದು ತೀರ್ಥಹಳ್ಳಿಯಿಂದ ಫೋನು ಬಂತು. ಹುಡುಗಿಯ ಅಪ್ಪ. ಜಾತಕದ ಸುದ್ದಿ ಎತ್ತಲಿಲ್ಲ. "ಅವತ್ತು ಲೈಟ್ ಆರಿಸಿದ್ರಲ್ಲ, ಅವರ ನಂಬರ್ ಇದೆಯಾ? ನಮ್ಮನೆ ಅಟ್ಟದಲ್ಲಿ ಎಂಥದೋ ಹುಡಿ ಬೀಳ್ತಾ ಇದೆ. ಯಾರಿಗೂ ಹೇಳಬೇಡಿ ಮತ್ತೆ."

ಮಾಣಿಯ ಅಪ್ಪ ಫೋನಿಗೆ ಕೈ ಮುಚ್ಚಿ ಹೆಂಡತಿಯ ಮುಖ ನೋಡಿದರು.

"ನಂಬರ್ ಎಂತಕ್ಕೆ? ಭಾವನ್ನ ನಾವೇ ಕಳಿಸ್ತೀವಿ ಅನ್ನಿ" ಎಂದರು ಆಕೆ. "ಅವರಿಗೆ ವಯಸ್ಸಾಯ್ದು, ಚೀಲ ಹೊರಲೆ ನಮ್ಮ ಮಾಣಿಯೂ ಬತ್ತ ಅನ್ನಿ."