ಒಂದೂಕಾಲು ಗುಂಟೆ, ಎರಡು ಲೋಟ ಕಾಫಿ

ಇಂಗ್ಲೆಂಡಿನ 1922ರ ಅಲಾಟ್‌ಮೆಂಟ್ ಕಾಯ್ದೆಯನ್ನು ಓದಿದರೆ ನನ್ನ ಹೆಂಡತಿಯೇ ಕೂತು ಅದನ್ನು ಬರೆಸಿದಳೇನೋ ಅನ್ನಿಸುತ್ತದೆ. ಅಲಾಟ್‌ಮೆಂಟ್ ಎಂದರೆ ತೋಟ ಮಾಡಲು ಗೇಣಿಗೆ ಸಿಗುವ ತುಂಡು ನೆಲ; ಅದರಲ್ಲಿ ಹಿಡುವಳಿದಾರ ತನಗೂ ತನ್ನ ಮನೆಮಂದಿಗೂ ಬೇಕಾದ ತರಕಾರಿ, ಹಣ್ಣು ಬೆಳೆಯಬೇಕು. ಪೂರ್ತಿಯಾಗಿ ಅಲ್ಲದಿದ್ದರೂ ಮುಖ್ಯವಾಗಿ ಅದನ್ನೇ ಮಾಡಬೇಕು ಎನ್ನುತ್ತದೆ ಕಾಯ್ದೆ. ಕಾಫಿ ಕಾಯಿಸುವ ಮಾತು ಅದರಲ್ಲಿಲ್ಲ. “ಮುಖ್ಯವಾಗಿ ಅಂತಿದೆಯಲ್ಲ ಕಣೇ, ಆ ಮುಖ್ಯವಾದದ್ದನ್ನು ನೀನು ಮಾಡು, ಮಿಕ್ಕದ್ದು ನನಗಿರಲಿ” ಎಂದೆ. ಅಂದಿನಿಂದ ನಮ್ಮ ತೋಟ ನಡೆಯುತ್ತಿರುವುದು ಈ ಕರಾರಿನ ಮೇಲೆ.

ಇಲ್ಲಿ ಪೂರ್ತಿ ಪ್ಲಾಟ್ ಅಂದರೆ ಹತ್ತು ರಾಡ್. ರಾಡ್ ಲೆಕ್ಕ ಇಂಗ್ಲಿಷರ ಮಕ್ಕಳಿಗೇ ಈಗ ಗೊತ್ತಿಲ್ಲ. ಗುಂಟೆ ಬಲ್ಲ ನಮಗೆ ಮಾತ್ರ ಬಲು ಸಲೀಸು: ನಾಲ್ಕು ರಾಡಿಗೆ ಒಂದು ಗುಂಟೆ, ಹತ್ತಕ್ಕೆ ಎರಡೂವರೆ. ನಮಗೆ ಸಿಕ್ಕಿದ್ದು ಅರ್ಧ ಪ್ಲಾಟ್, ಒಂದೂಕಾಲು ಗುಂಟೆ. ಅದಕ್ಕೂ ವರ್ಷಗಟ್ಟಲೆ ಸರದಿ ಕಾಯಬೇಕಾಯಿತು. ಸಿಕ್ಕ ದಿನ ಊರಿಗೆ ಫೋನ್ ಮಾಡಿ, “ಅಪ್ಪಾ, ಜಮೀನು ಸಿಕ್ತು” ಅಂದೆ. ಎಷ್ಟು ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಕಣಾನೇ ಅದಕ್ಕಿಂತ ದೊಡ್ಡದಿತ್ತಲ್ಲೋ. ನೀನು ಅಲ್ಲೂ ಕೆಲಸ ಮಾಡ್ಲಿಲ್ಲ” ಅಂದರು.

ಹೆಂಡತಿ ಮಾತ್ರ ಕೆಲಸಕ್ಕೆ ಹುಟ್ಟಿದವಳು. ಮಳೆ ಬಂದರೆ ಅಂಟಾಗುವ, ಬಿಸಿಲು ಬಂದರೆ ಇಟ್ಟಿಗೆಯಾಗುವ ಆ ಜೇಡಿಮಣ್ಣಿನಲ್ಲಿ ಮೆಂತ್ಯ, ಕೊತ್ತಂಬರಿ, ಬೇಸಿಗೆಯಲ್ಲಿ ದಂಟಿನ ಸೊಪ್ಪು ಎಬ್ಬಿಸುತ್ತಾಳೆ. ಅವರೆಕಾಯಿ ಈ ಚಳಿಗೆ ಬಾರದು ಅಂತ ಗೊತ್ತಾದ ಮೇಲೆ ಬ್ರಾಡ್ ಬೀನ್ಸ್ ಹಾಕಿ, ಕಾಳನ್ನು ಬಿಸಿನೀರಿಗೆ ಅದ್ದಿ ತೆಗೆದು ಹಿತುಕಿ, ಹಿತಕಿದ ಬೇಳೆ ಸಾರು ಮಾಡಿಯೇಬಿಟ್ಟಳು. ನಾನು ನಾಲ್ಕು ಗುದ್ದಲಿ ಮಣ್ಣು ತಿರುವಿ, ಸೊಂಟ ಹಿಡಿದು, ಗಡಿಯಾರ ನೋಡುತ್ತೇನೆ. ಇಂಗ್ಲಿಷರು ಹನ್ನೊಂದು ಗಂಟೆಗೆ ಕೈ ತೊಳೆದು ಚಹಾಕ್ಕೆ ಕೂರುತ್ತಾರೆ. ಬಂದ ದೇಶದ ಸಂಪ್ರದಾಯವನ್ನು ಗೌರವಿಸಬೇಕು. ನಾನು ಹತ್ತೂಕಾಲಿಗೇ ಗೌರವಿಸಲು ಶುರುಮಾಡುತ್ತೇನೆ.

“ಅಲ್ರೀ, ಮನೆ ಹತ್ತು ನಿಮಿಷದ ದಾರಿ. ಹೋಗಿ ಕುಡಿದು ಬರಬಾರದಾ?” ಎಂದು ಅವಳು ಕೇಳುತ್ತಾಳೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಪ್ರಶ್ನೆಗಳಿಗೆ ಸಾಮಾನು ಕೊಳ್ಳುವುದು ನನ್ನ ಸ್ವಭಾವ.

ಮೊದಲು ಕೊಂಡದ್ದು ಫ್ಲಾಸ್ಕ್. ಅದನ್ನು 1892ರಲ್ಲಿ ಕಂಡುಹಿಡಿದ ಜೇಮ್ಸ್ ಡ್ಯೂಆರ್ ಎಂಬ ಸ್ಕಾಟಿಷ್ ವಿಜ್ಞಾನಿಗೆ ಬೇಕಾಗಿದ್ದು ಅನಿಲಗಳನ್ನು ದ್ರವವಾಗಿಸಿ ತಣ್ಣಗೆ ಇಡುವ ಪಾತ್ರೆ. ಪುಣ್ಯಾತ್ಮ ಪೇಟೆಂಟ್ ಮಾಡಿಸಲಿಲ್ಲ. ದುಡ್ಡು ಮಾಡಿದ್ದು ಜರ್ಮನಿಯ ಥರ್ಮಾಸ್ ಕಂಪನಿ. ಅವನ ಪಾತ್ರೆಯಲ್ಲಿ ಹಾಲು ಬೆರೆಸಿದ ಫಿಲ್ಟರ್ ಕಾಫಿ ಹುಯ್ದು ಒಂದು ಗಂಟೆ ಬಿಟ್ಟು ನೋಡಿ. ಬಿಸಿ ಹಾಗೇ ಇರುತ್ತದೆ, ಕಾಫಿ ಇರುವುದಿಲ್ಲ. ಮದುವೆ ಮನೆಯಲ್ಲಿ ಮಧ್ಯಾಹ್ನ ಮೂರಕ್ಕೆ ಬಂದವರಿಗೆ ಕೊಡುವಂಥದ್ದೊಂದು ಪೇಯ ಇರುತ್ತದೆ.

ಆಮೇಲೆ ಬಂತು ಸ್ವೀಡನ್ನಿನ ಟ್ರಾಂಜಿಯಾ ಒಲೆ. ಇದು ಸ್ಪಿರಿಟ್ ಕುಡಿದು ಉರಿಯುತ್ತದೆ. ಯಾರೂ ಬಾಯಿಗೆ ಹಾಕದಿರಲೆಂದು ಇಲ್ಲಿನ ಸ್ಪಿರಿಟ್‌ಗೆ ನೇರಳೆ ಬಣ್ಣ ಬೆರೆಸಿರುತ್ತಾರೆ. ಬಣ್ಣವೆಲ್ಲ ಸೀಸೆಯಲ್ಲೇ, ಉರಿಗೆ ಹಗಲಿನಲ್ಲಿ ಬಣ್ಣವೇ ಇಲ್ಲ, ಕಣ್ಣಿಗೆ ಕಾಣುವುದಿಲ್ಲ. ಹತ್ತಿಕೊಂಡಿದೆಯೋ ಇಲ್ಲವೋ ತಿಳಿಯಲು ಅಂಗೈ ಮೇಲೆ ಹಿಡಿದು ನೋಡಬೇಕು. ಹಿಡಿದು ನೋಡಿದೆ. ಹತ್ತಿಕೊಂಡಿತ್ತು.

ಕೊನೆಗೆ ಮನಸ್ಸು ನಿಂತದ್ದು ಐರ್ಲೆಂಡಿನ ಮೇಯೋ ಸೀಮೆಯ ಕೆಲ್ಲಿ ಕೆಟಲ್ ಮೇಲೆ. ನಮ್ಮ ಅಜ್ಜಿಯ ಬಚ್ಚಲುಮನೆಯ ತಾಮ್ರದ ಬಾಯ್ಲರನ್ನು ಮೊಣಕೈ ಎತ್ತರಕ್ಕೆ ಇಳಿಸಿದ ಹಾಗಿದೆ: ನಡುವೆ ಹೊಗೆ ಹೋಗುವ ಕೊಳವೆ, ಸುತ್ತ ನೀರು, ಕೆಳಗೆ ಬೆಂಕಿ. ಪುರಲೆ, ಒಣಗಿದ ಪೈನ್ ಕಾಯಿ, ಹಳೇ ಪೇಪರು, ಏನು ಹಾಕಿದರೂ ಉರಿಯುತ್ತದೆ. ಗಾಳಿ ಬೀಸಿದಷ್ಟೂ ಚೆನ್ನ. ನಾಲ್ಕೈದು ನಿಮಿಷದಲ್ಲಿ ನೀರು ಕೊತಕೊತ. ಒಂದೇ ಎಚ್ಚರಿಕೆ, ಬೆಂಕಿ ಇರುವಾಗ ಬಿರಡೆ ಹಾಕಿರಬಾರದು. ಹಬೆ ಒಳಗೇ ಕಟ್ಟಿಕೊಂಡರೆ ಪ್ರಾಣಕ್ಕೇ ಸಂಚಕಾರ. ಇಂಗ್ಲೆಂಡಿನಲ್ಲಿ ಒಣ ಪುರಲೆ ಎಲ್ಲಿಂದ ಎಂದು ಕೇಳುವಿರಿ. ಹುರುಳಿಕಾಯಿ ಬಳ್ಳಿಗೆ ಅವಳು ನೆಟ್ಟ ಬಿದಿರು ಕಡ್ಡಿಗಳು ವರ್ಷದಿಂದ ವರ್ಷಕ್ಕೆ ಗಿಡ್ಡವಾಗುತ್ತಿವೆ ಎಂಬ ಆರೋಪ ಇದೆ. ಸಾಕ್ಷಿ ಇಲ್ಲ. ಬಿದಿರಿನ ಗೆಣ್ಣು ಬೆಂಕಿಯಲ್ಲಿ ಢಮ್ ಎನ್ನುವುದೊಂದೇ ಸಾಕ್ಷಿ.

ಇಷ್ಟಾದ ಮೇಲೆ ಗೊತ್ತಾಯಿತು, ಈ ಯಂತ್ರ ನೀರನ್ನಷ್ಟೇ ಕಾಯಿಸಬಲ್ಲದು. ಇಂಗ್ಲಿಷರಿಗೆ ಅಷ್ಟು ಸಾಕು. ಮಗ್ಗಿಗೆ ಟೀ ಬ್ಯಾಗು, ಅದರ ಮೇಲೆ ಬಿಸಿನೀರು, ಕೊನೆಗೆ ಬಾಟಲಿಯ ತಣ್ಣನೆ ಹಾಲು. ನಮ್ಮ ಕಾಫಿಗೆ ಬೇಕಾದದ್ದು ಕುದಿವ ಹಾಲು. ಡಿಕಾಕ್ಷನ್ ಹಿಂದಿನ ರಾತ್ರಿ ಮನೆಯಲ್ಲೇ ಇಳಿಸಿ ಡಬ್ಬಿಯಲ್ಲಿ ತರಬಹುದು. ಅದನ್ನು ಮತ್ತೆ ಕುದಿಸಿದರೆ ಕಹಿಯಾಗುತ್ತದೆ, ಆದ್ದರಿಂದ ಬಿಸಿಯೆಲ್ಲ ಹಾಲಿನಿಂದಲೇ ಬರಬೇಕು. ಆ ಹಾಲನ್ನು ಕೆಟಲ್ ಒಳಗೆ ಹುಯ್ದರೆ ತೊಳೆಯಲು ಕೈ ಹೋಗುವುದಿಲ್ಲ. ಹಾಲಿನ ವಿಷಯದಲ್ಲಿ ಇನ್ನೂ ಒಂದು ಉಪಕಥೆ ಇದೆ. ಇಲ್ಲಿ ನೀಲಿ ಮುಚ್ಚಳದ್ದು ಗಟ್ಟಿ ಹಾಲು, ಹಸಿರು ಅರ್ಧ ಕೆನೆ ತೆಗೆದದ್ದು, ಕೆಂಪು ಪೂರ್ತಿ ತೆಗೆದದ್ದು. ನನ್ನ ಕೊಲೆಸ್ಟರಾಲ್ ನೆಪದಲ್ಲಿ ನಮ್ಮ ಮನೆಗೆ ಬರುವುದು ಕೆಂಪು. ಶೆಡ್ಡಿನಲ್ಲಿ, ಆಲೂಗಡ್ಡೆ ಚೀಲದ ಹಿಂದೆ, ನೀಲಿ.

ಕೆಟಲ್ ಕೊಳವೆಯ ಬಾಯಿಗೆ ಸಿಕ್ಕಿಸಿ ಪಾತ್ರೆ ಇಡುವ ಒಂದು ತಗಡಿನ ಕಾಲು ಸಿಗುತ್ತದೆ. ಅದನ್ನೂ ತರಿಸಿದೆ. ಕೆಳಗೆ ಬೆಂಕಿ, ನಡುವೆ ನೀರು, ಮೇಲೆ ಹಾಲು. ಪುರಲೆ ಹಾಕುವುದೂ ಅದೇ ಕೊಳವೆಯ ಬಾಯಿಂದ. ಹಾಗಾಗಿ ಬೆಂಕಿ ಸೊರಗಿದಾಗಲೆಲ್ಲ ಹಾಲನ್ನು ಎತ್ತಿ, ಕಡ್ಡಿ ತೂರಿಸಿ, ಬೂದಿ ಊದಿ, ಮತ್ತೆ ಇಡಬೇಕು. ಕಣ್ಣಲ್ಲಿ ನೀರು, ಮೂಗಲ್ಲಿ ಹೊಗೆ. ಹೋಮ ಮಾಡುವವರಿಗೆ ಕೊನೇಪಕ್ಷ ದಕ್ಷಿಣೆ ಸಿಗುತ್ತದೆ. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಹೆಂಡತಿ, “ರೀ, ಈ ಸೌತೆಕಾಯಿಗೆ ಹುಳ ಬಿದ್ದಿದೆ ನೋಡಿ” ಅನ್ನುತ್ತಾಳೆ. ನೋಡುತ್ತೇನೆ. ಹಾಲು ಕೊಳವೆಯೊಳಗೆ ಇಳಿದು ಬೆಂಕಿಯನ್ನು ಅಲ್ಲೇ ಆರಿಸುತ್ತದೆ. ಅವಳು ಗುದ್ದಲಿ ಊರಿ ನಿಂತು, “ಬಿಡಿ, ಶೆಡ್ಡಿನ ಗೃಹಪ್ರವೇಶ ಆದ ಹಾಗಾಯ್ತು” ಎನ್ನುತ್ತಾಳೆ. ಆ ಶೆಡ್ಡಿಗೆ ಆಗಿರುವಷ್ಟು ಗೃಹಪ್ರವೇಶ ಬೆಂಗಳೂರಿನ ಯಾವ ಬಡಾವಣೆಗೂ ಆಗಿರಲಾರದು.

ಇದನ್ನೆಲ್ಲ ಪಕ್ಕದ ಪ್ಲಾಟಿನ ಇಂಗ್ಲಿಷ್ ತಾತ ತನ್ನ ಎನಾಮಲ್ ಮಗ್ಗು ಹಿಡಿದು ನೋಡುತ್ತಿರುತ್ತಾರೆ. ಅವರು ಹುಟ್ಟಿದ್ದು ರೇಷನ್ ಕಾಲದಲ್ಲಿ. 1940ರ ಜುಲೈನಿಂದ ಚಹಾಪುಡಿ ತಲೆಗೆ ವಾರಕ್ಕೆ ಎರಡು ಔನ್ಸ್, ಅಂದರೆ 57 ಗ್ರಾಂ. 1952ರವರೆಗೂ ಆ ಕಟ್ಟುಪಾಡು ಹೋಗಲಿಲ್ಲ. ಯುದ್ಧ ಗೆಲ್ಲಲು ನೆಲ ಅಗೆಯಿರಿ ಎಂದು ಸರ್ಕಾರ ಜನರನ್ನು ಹೊಲಕ್ಕೆ ಇಳಿಸಿ, ಅಗೆದು ದಣಿದವರ ಚಹಾ ಅಳೆದು ಕೊಟ್ಟಿತು. ಆ ಕಾಲದಲ್ಲಿ ನಾನಿದ್ದಿದ್ದರೆ ಯುದ್ಧದ ಗತಿ ಏನಾಗುತ್ತಿತ್ತೋ! ತಾತನಿಗೆ ಒಮ್ಮೆ ನಮ್ಮ ಕಾಫಿ ಕೊಟ್ಟೆ. ಚಿಕೋರಿಯ ಘಮ ಮೂಗಿಗೆ ಬಿದ್ದದ್ದೇ ತಡ, “ಕ್ಯಾಂಪ್ ಕಾಫಿ! ನಮ್ಮಮ್ಮನ ಕಪಾಟಿನಲ್ಲಿ ಇತ್ತು!” ಎಂದು ಕಣ್ಣರಳಿಸಿದರು. ಚಿಕ್ಕಮಗಳೂರಿನ ಬೀಜವನ್ನು 1876ರಲ್ಲಿ ಗ್ಲಾಸ್ಗೋದಲ್ಲಿ ಶುರುವಾದ ಸೀಸೆಯ ಕಷಾಯಕ್ಕೆ ಹೋಲಿಸಿದರಲ್ಲ ಎಂದು ನನಗೆ ಬೇಸರ. ಎರಡನೇ ಲೋಟ ಕೇಳಿದಾಗ ಕ್ಷಮಿಸಿದೆ. ಆ ಸೀಸೆಯ ಹಳೆಯ ಚೀಟಿಯಲ್ಲಿ ಸ್ಕಾಟಿಷ್ ಸೇನಾಧಿಕಾರಿ ಕೂತು ಕುಡಿಯುತ್ತಿದ್ದ, ಸಿಖ್ ಸೇವಕ ತಟ್ಟೆ ಹಿಡಿದು ನಿಂತಿದ್ದ; ಈಗಿನದರಲ್ಲಿ ಇಬ್ಬರೂ ಕೂತು ಕುಡಿಯುತ್ತಾರೆ. ನಾನಿದನ್ನು ದೊಡ್ಡದಾಗಿ ವಿವರಿಸುತ್ತಿದ್ದಾಗ ಹೆಂಡತಿ ಕನ್ನಡದಲ್ಲಿ, “ಅವರ ಚಿತ್ರ ಬದಲಾಯ್ತು. ನಮ್ಮ ಪ್ಲಾಟಿನ ಚಿತ್ರ ನೋಡಿ, ಒಬ್ಬರು ಕೂತೇ ಇದ್ದಾರೆ, ಒಬ್ಬರು ನಿಂತೇ ಇದ್ದಾರೆ” ಅಂದಳು. ಏನಂದಳು ಎಂದು ತಾತ ಕೇಳಿದರು. ಸಕ್ಕರೆ ಸಾಕಾ ಅಂತ ಕೇಳಿದಳು ಎಂದೆ.

ಎಲ್ಲ ಸರಿಹೋದ ದಿನ ಎರಡು ಲೋಟ ಕಾಫಿ ಆಗುತ್ತದೆ. ಡಬರಾಕ್ಕೆ ಎತ್ತಿ ಹುಯ್ದಾಗ ಗಾಳಿಗೆ ಅರ್ಧ ನೊರೆ ಪಾಲಕ್ ಸೊಪ್ಪಿನ ಮೇಲೆ. ಹೊಗೆಯ ವಾಸನೆ ಇರುತ್ತದೆ, ಬೂದಿಯೂ ಒಂದಿಷ್ಟು. ಅಷ್ಟಾದರೂ ಮನೆಯ ಕಾಫಿಗಿಂತ ಚೆನ್ನಾಗಿರುತ್ತದೆ. ಹೆಂಡತಿಯೂ ಇದನ್ನು ಒಪ್ಪುತ್ತಾಳೆ, ನೀಲಿ ಮುಚ್ಚಳದ ವಿಷಯ ಅವಳಿಗೆ ತಿಳಿಯದು.

ಬೇಸಿಗೆಯಲ್ಲಿ ಇತ್ತ ಬಂದರೆ ನಮ್ಮ ಪ್ಲಾಟಿಗೂ ಬನ್ನಿ. ಬರುವಾಗ ಅರ್ಧ ಕಿಲೋ ಕಾಫಿಪುಡಿ ತನ್ನಿ, ಚಿಕೋರಿ ಬೆರೆಸಿದ್ದೇ ಇರಲಿ. ಹೋಗುವಾಗ ಹೆಂಡತಿ ಚೀಲದ ತುಂಬ ಕೂರ್ಜೆಟ್, ಅಂದರೆ ನಿಮ್ಮ ಜುಕೀನಿ, ಕೊಡುತ್ತಾಳೆ. ಜುಲೈ ತಿಂಗಳಲ್ಲಿ ಇಲ್ಲಿ ಅದನ್ನು ಬೇಡ ಎನ್ನುವ ಹಕ್ಕು ಯಾರಿಗೂ ಇಲ್ಲ.