ಉಭಯ ಕುಶಲೋಪರಿ, ಪುಲ್‌ಮನ್ ಸಾಹೇಬರೇ

ಮ।ರಾ।ರಾ। ಜಾರ್ಜ್ ಮಾರ್ಟಿಮರ್ ಪುಲ್‌ಮನ್ ಸಾಹೇಬರ ಸನ್ನಿಧಾನಕ್ಕೆ,
ಗ್ರೇಸ್‌ಲ್ಯಾಂಡ್ ಸ್ಮಶಾನ, ಶಿಕಾಗೊ.

ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಕಾಗದವನ್ನು ಹೀಗೆ ಶುರು ಮಾಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಇಲ್ಲಿ ನಾವು ಕ್ಷೇಮ, ಅಲ್ಲಿ ನೀವೂ ಕ್ಷೇಮ, ಇನ್ನು ವಿಷಯಕ್ಕೆ ಬರೋಣ ಎಂದರ್ಥ. ನೀವು ಕಟ್ಟಿಸಿದ ಊರಿನ ಚರಿತ್ರೆ ಓದಿದ ಮೇಲೆ ಆ ‘ಉಭಯ’ದ ಮೇಲೇ ನನಗೊಂದು ತಕರಾರು ಹುಟ್ಟಿದೆ. ಇರಲಿ, ಹಿರಿಯರಿಗೆ ಬರೆಯುವಾಗ ಹೊಗಳಿಕೆ ಮೊದಲು.

ನಾನು ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವನು. ಯಾವ ಊರಿನದೆಂದು ಕೇಳಬೇಡಿ, ಮಳೆಗಾಲದಲ್ಲಿ ಸೋರುತ್ತಿದ್ದ ಸೂರಿನ ಮಾನ ಕಳೆಯುವ ಮನಸ್ಸಿಲ್ಲ. ಬೆಳಗಿನ ಸೈರನ್ನಿಗೆ ಅಪ್ಪ ಟಿಫಿನ್ ಡಬ್ಬಿ ಹಿಡಿದು ಹೊರಟರೆ ನಮ್ಮ ಓಣಿಗೆ ಬೇರೆ ಗಡಿಯಾರವೇ ಬೇಕಿರಲಿಲ್ಲ. ಹೀಗಾಗಿ ಮಗಳ ಮನೆಗೆಂದು ಶಿಕಾಗೊಗೆ ಬಂದಾಗ, ಬೀಗರು ನಯಾಗರಕ್ಕೆ ಹೊರಟರೆ ನಾನು ಮೆಟ್ರಾ ರೈಲು ಹತ್ತಿ 111ನೇ ಬೀದಿಯಲ್ಲಿಳಿದು ನಿಮ್ಮ ಗಡಿಯಾರದ ಗೋಪುರದ ಕೆಳಗೆ ನಿಂತೆ.

ಎಂಥ ಊರು ಕಟ್ಟಿದಿರಿ ಸಾಹೇಬರೇ! ಶಿಕಾಗೊದ ಕೂಲಿಕಾರರು ಕೊಚ್ಚೆಯ ಪಕ್ಕದ ಮರದ ಗುಡಿಸಲುಗಳಲ್ಲಿ ಒತ್ತೊತ್ತಾಗಿ ಬಿದ್ದಿದ್ದ ಕಾಲ. ನೀವು ಕ್ಯಾಲುಮೆಟ್ ಸರೋವರದ ಬದಿಯಲ್ಲಿ 4,000 ಎಕರೆ ಕೊಂಡು, 1880ರಲ್ಲಿ ಕೆಲಸ ಹಿಡಿಸಿದಿರಿ. ಕಟ್ಟಡಗಳ ನಕ್ಷೆಗೆ ಸೋಲನ್ ಬೀಮನ್, ತೋಟ-ಬೀದಿಗಳಿಗೆ ನೇಥನ್ ಬ್ಯಾರೆಟ್. ಸಾಲಾಗಿ ಕೆಂಪು ಇಟ್ಟಿಗೆಯ ಮನೆಗಳು, ನಲ್ಲಿ ನೀರು, ಗ್ಯಾಸ್ ದೀಪ, ಒಳಚರಂಡಿ. ಫಿಲಡೆಲ್ಫಿಯಾದ 1876ರ ಪ್ರದರ್ಶನದಲ್ಲಿ ಜನ ಬಾಯಿ ಬಿಟ್ಟು ನೋಡಿದ್ದ ಕಾರ್ಲಿಸ್ ಉಗಿಯಂತ್ರವನ್ನೇ ಕೊಂಡು ತಂದು ಕಾರ್ಖಾನೆ ಓಡಿಸಿದಿರಿ. ಮಲಗುವ ಬೋಗಿಗಳ ದೊರೆ ನೀವು. ಕೂಲಿಕಾರನಿಗೂ ಒಂದು ಬರ್ತ್ ಮಾಡಿಕೊಟ್ಟಿರಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಒಳಚರಂಡಿಯ ಏರ್ಪಾಡು. ಊರಿನ ಕೊಳಚೆಯನ್ನು ಪಂಪಿನಿಂದ ನಿಮ್ಮದೇ ಹೊಲಕ್ಕೆ ಹಾಯಿಸಿ, ಅದರಲ್ಲಿ ತರಕಾರಿ ಬೆಳೆದು ಮಾರಿದಿರಿ. ನಮ್ಮ ಮನೆಯಲ್ಲಿ ಅಜ್ಜಿ ತೆಂಗಿನಕಾಯಿ ಸಿಪ್ಪೆಯನ್ನೂ ಎಸೆಯುತ್ತಿರಲಿಲ್ಲ. ಆದರೆ ನಿಮ್ಮೆದುರು ಅವಳು ದುಂದುಗಾರ್ತಿಯೇ.

ಊರಿನಿಂದಲೂ ಶೇ 6 ಲಾಭ ಬರಬೇಕೆಂದು ನೀವು ಬಯಸಿದ್ದು ಗುಟ್ಟೇನಲ್ಲ. ಧರ್ಮಕ್ಕೆ ಕೊಟ್ಟರೆ ಜನ ಕೆಡುತ್ತಾರೆ, ಕಾಸು ಕೊಟ್ಟು ಪಡೆದರೆ ಬೆಲೆ ತಿಳಿಯುತ್ತದೆ ಎಂಬ ತತ್ವ. ವಾಚನಾಲಯಕ್ಕೆ ಸಾವಿರಾರು ಪುಸ್ತಕ ದಾನ ಕೊಟ್ಟು, ಓದಲು ವರ್ಷಕ್ಕೆ 3 ಡಾಲರ್ ಚಂದಾ ಇಟ್ಟಿರಿ. ಹಸಿರು ಕಲ್ಲಿನ ಚೆಂದದ ಚರ್ಚು ಕಟ್ಟಿಸಿ ಅದಕ್ಕೂ ಬಾಡಿಗೆ ಹಾಕಿದಿರಿ. ತೆರುವ ಭಕ್ತರಿಲ್ಲದೆ ಅದು ಬಹಳ ಕಾಲ ಖಾಲಿ ಬಿತ್ತು. ಬಾಡಿಗೆ ಬಾಕಿ ಉಳಿಸಿಕೊಂಡರೆ ದೇವರಿಗೂ ಮನೆ ಸಿಗದ ಊರದು. ಮದ್ಯ ಸಿಗುತ್ತಿದ್ದದ್ದು ಮಗಳ ಹೆಸರಿಟ್ಟ ಫ್ಲಾರೆನ್ಸ್ ಹೋಟೆಲಿನಲ್ಲಿ ಮಾತ್ರ, ಅದೂ ದೊಡ್ಡ ಮನುಷ್ಯರಿಗೆ. ಬಾಯಾರಿದ ಬಡಗಿ ಪಕ್ಕದ ಕೆನ್ಸಿಂಗ್ಟನ್‌ಗೆ ನಡೆಯಬೇಕು.

ಮನೆ ಕೊಳ್ಳುತ್ತೇನೆಂದರೆ ಮಾತ್ರ ಮಾರುತ್ತಿರಲಿಲ್ಲ. 10 ದಿನದ ನೋಟಿಸು ಕೊಟ್ಟರೆ ಒಲೆ ಆರಿಸಿ ಹೊರಡಬೇಕು. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬುದು ನಮ್ಮ ಗಾದೆ. ಅದನ್ನು ತಲೆಕೆಳಗು ಮಾಡಿ ತೋರಿಸಿದ ಕೀರ್ತಿ ನಿಮ್ಮದು.

1893ರಲ್ಲಿ ದೇಶದ ಹಣಕಾಸು ಕುಸಿಯಿತು. ಬೋಗಿಗಳಿಗೆ ಬೇಡಿಕೆ ಇಳಿಯಿತು. ಕೂಲಿಯನ್ನು ಸರಾಸರಿ ಕಾಲುಭಾಗದಷ್ಟು ಕಡಿದಿರಿ. ಬಾಡಿಗೆ ಒಂದು ಕಾಸೂ ಇಳಿಯಲಿಲ್ಲ. ಷೇರುದಾರರ ಶೇ 8ರ ಲಾಭಾಂಶಕ್ಕೂ ಕತ್ತರಿ ಬೀಳಲಿಲ್ಲ. ಕೇಳಿದರೆ ನಿಮ್ಮ ಉತ್ತರ ಸಿದ್ಧವಾಗಿತ್ತು: ಕಾರ್ಖಾನೆಯ ಲೆಕ್ಕ ಬೇರೆ, ಬಾಡಿಗೆಯ ಲೆಕ್ಕ ಬೇರೆ. ಎಡಗೈ ಮಾಡಿದ್ದು ಬಲಗೈಗೆ ತಿಳಿಯಬಾರದು ಎಂಬುದನ್ನು ಇಷ್ಟು ಶ್ರದ್ಧೆಯಿಂದ ನಡೆಸಿದವರು ಅಪರೂಪ. ಬಾಡಿಗೆ ಕಳೆದು 2 ಸೆಂಟಿನ ಚೆಕ್ಕು ಪಡೆದ ಒಬ್ಬ ಕೆಲಸಗಾರ ಅದನ್ನು ನಗದು ಮಾಡಿಸದೆ ಚೌಕಟ್ಟು ಹಾಕಿಸಿಟ್ಟುಕೊಂಡಿದ್ದಾನೆ ಎಂದು ಮುಂದೆ ಮುಷ್ಕರದ ವಿಚಾರಣಾ ಆಯೋಗದೆದುರು ಸಾಕ್ಷಿ ನುಡಿಯಲಾಯಿತು. ಹೊಲಿಗೆ ವಿಭಾಗದ ಜೆನ್ನಿ ಕರ್ಟಿಸ್‌ಳ ಅಪ್ಪ 13 ವರ್ಷ ನಿಮ್ಮಲ್ಲಿ ದುಡಿದು ತೀರಿಕೊಂಡ. ಮಗಳ ಪಾಲಿಗೆ ಉಳಿದದ್ದು 60 ಡಾಲರ್ ಬಾಡಿಗೆ ಬಾಕಿ. ಅದನ್ನು ಅವಳ ಕೂಲಿಯಿಂದ ವಸೂಲು ಮಾಡಿದಿರಿ. ಅಪ್ಪನ ಋಣ ಮಕ್ಕಳು ತೀರಿಸಬೇಕೆಂಬ ಧರ್ಮಶಾಸ್ತ್ರ ನಿಮಗೆ ಯಾರು ಹೇಳಿಕೊಟ್ಟರೋ!

ಅಹವಾಲು ಹೇಳಲು ಬಂದ ನಿಯೋಗದ ಮೂವರ ಕೆಲಸ ಹೋಯಿತು. 1894ರ ಮೇ 11ರಂದು ಮುಷ್ಕರ ಶುರುವಾಗಿ ಕಾರ್ಖಾನೆ ನಿಂತಿತು. ಇಷ್ಟೆಲ್ಲ ಯೋಚಿಸಿ ಕಟ್ಟಿದ ಊರಿನಲ್ಲಿ ಕೆಲಸಗಾರರು ಸಭೆ ಸೇರಲು ಒಂದು ಜಾಗವಿಲ್ಲ. ಅದಕ್ಕೂ ಕೆನ್ಸಿಂಗ್ಟನ್ನೇ ಗತಿ. ನಮ್ಮ ಸೋರುವ ಕ್ವಾರ್ಟರ್ಸಿನ ಹುಣಸೆಮರ ನೆನಪಾಯಿತು. ಅದರ ಬುಡದಲ್ಲಿ ಯೂನಿಯನ್ನಿನವರು ಗಂಟಲು ಹರಿಯುವಂತೆ ಕೂಗಿ, ಮಾರನೆಯ ದಿನ ಅದೇ ಸೈರನ್ನಿಗೆ ಕೆಲಸಕ್ಕೆ ಹೋಗುತ್ತಿದ್ದರು. ಕೂಗಲು ಜಾಗವಿದ್ದದ್ದಕ್ಕೇ ಎಷ್ಟೋ ಸಲ ಕಾರ್ಖಾನೆ ನಿಲ್ಲಲಿಲ್ಲ. ನಿಮ್ಮ ಬೀಮನ್ ಎಲ್ಲ ಬರೆದರು, ಒಂದು ಹುಣಸೆಮರ ಬರೆಯಲಿಲ್ಲ.

ಪಂಚಾಯ್ತಿಗೆ ಬನ್ನಿ ಎಂದವರಿಗೆ ಪಂಚಾಯ್ತಿ ಮಾಡುವಂಥದ್ದೇನೂ ಇಲ್ಲ ಎಂದಿರಿ. ಆಮೇಲೆ ಯುಜೀನ್ ಡೆಬ್ಸ್‌ನ ರೈಲ್ವೆ ಕೆಲಸಗಾರರ ಸಂಘ ನಿಮ್ಮ ಬೋಗಿ ತಗುಲಿಸಿದ ರೈಲುಗಳನ್ನು ಮುಟ್ಟುವುದಿಲ್ಲವೆಂದಿತು. ದೇಶದ ಉದ್ದಗಲಕ್ಕೂ ಗಾಡಿಗಳು ನಿಂತವು. ಟಪಾಲಿಗೆ ಅಡ್ಡಿಯಾಯಿತೆಂದು ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಸೈನ್ಯ ಕಳಿಸಿದರು. ಗುಂಡು ಹಾರಿತು, ಹೆಣ ಬಿದ್ದವು, ಡೆಬ್ಸ್‌ಗೆ 6 ತಿಂಗಳ ಜೈಲು. ಆ ಗದ್ದಲದ ನಡುವೆಯೇ, ಜೂನ್ 28ರಂದು, ಅದೇ ಕ್ಲೀವ್‌ಲ್ಯಾಂಡ್ ಕಾರ್ಮಿಕರ ದಿನದ ರಜೆಗೆ ಸಹಿ ಹಾಕಿದರು. ಕಾರ್ಮಿಕರಿಗೆ ಒಂದು ದಿನ ಸನ್ಮಾನ, ಕೆಲವೇ ದಿನಗಳಲ್ಲಿ ಸೈನಿಕರು. ಈ ವಿದ್ಯೆಯನ್ನು ನಮ್ಮವರು ನಿಮ್ಮಿಂದ ಕಲಿಯಬೇಕಾಗಿರಲಿಲ್ಲ, ಬಿಡಿ.

ಇನ್ನೊಂದು ಮಾತು. ನಿಮ್ಮ ಬೋಗಿಗಳಲ್ಲಿ ಹಾಸಿಗೆ ಹಾಸಿ, ಬೂಟು ಒರೆಸುತ್ತಿದ್ದ ಕಪ್ಪು ಜನರ ಹೆಸರಿಗೆ ಈ ಮಾದರಿ ಊರಿನ ನಕ್ಷೆಯಲ್ಲಿ ಮನೆಯಿರಲಿಲ್ಲ. ಪ್ರಯಾಣಿಕರು ಅವರನ್ನು ‘ಜಾರ್ಜ್’ ಎಂದೇ ಕರೆಯುತ್ತಿದ್ದರು, ನಿಮ್ಮ ಹೆಸರಿನಿಂದ. ಹೆಸರೊಂದನ್ನು ಬಾಡಿಗೆಯಿಲ್ಲದೆ ಕೊಟ್ಟಿರಿ! ತಮ್ಮ ಹೆಸರು ತಮಗೆ ಬೇಕೆಂದು ಅವರು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಮುಂದಾಳುತನದಲ್ಲಿ ಸಂಘ ಕಟ್ಟಿದರು. ನಿಮ್ಮ ಕಂಪನಿ ಒಪ್ಪಂದಕ್ಕೆ ಸಹಿ ಹಾಕುವ ಹೊತ್ತಿಗೆ 1937 ಬಂದಿತ್ತು.

ಮುಷ್ಕರದಲ್ಲಿ ಗೆದ್ದವರು ನೀವೇ. ಮೂರೇ ವರ್ಷಕ್ಕೆ, 1897ರಲ್ಲಿ, ನೀವು ತೀರಿಕೊಂಡಿರಿ. ಸಿಟ್ಟಿನ ಜನ ಗೋರಿ ಕೆದಕಿಯಾರೆಂದು ನಿಮ್ಮವರು ಶವಪೆಟ್ಟಿಗೆಯ ಮೇಲೆ ಉಕ್ಕಿನ ರೈಲು ಕಂಬಿ ಹಾಸಿ ಕಾಂಕ್ರೀಟು ಸುರಿದರು. ಮರುವರ್ಷ ಇಲಿನಾಯ್ ರಾಜ್ಯದ ಸುಪ್ರೀಂ ಕೋರ್ಟು, ಬೋಗಿ ಮಾಡುವ ಕಂಪನಿಗೆ ಊರಿನ ಒಡೆತನ ಸಲ್ಲದು, ಮಾರಿಬಿಡಿ ಎಂದಿತು. ಹಾಗೆ ಬಾಡಿಗೆಯವರು ಒಂದೊಂದಾಗಿ ಮನೆಯೊಡೆಯರಾದರು.

ಈಗ ನೀವು ಕೇಳಲೇಬೇಕಾದ ಸುದ್ದಿ. 1960ರಲ್ಲಿ ನಿಮ್ಮ ಊರನ್ನು ನೆಲಸಮ ಮಾಡಿ ಕೈಗಾರಿಕಾ ಪ್ರದೇಶ ಮಾಡುವ ಯೋಜನೆ ಬಂತು. ತಡೆದವರು ಷೇರುದಾರರಲ್ಲ, ಅಲ್ಲಿನ ನಿವಾಸಿಗಳು. ಮನೆ ಕೈಗೆ ಕೊಟ್ಟರೆ ಹಾಳು ಮಾಡುತ್ತಾರೆಂದು ನೀವು ಹೆದರಿದ ಜನರ ಜಾಗಕ್ಕೆ ಬಂದು ನಿಂತವರೇ ನಿಮ್ಮ ಇಟ್ಟಿಗೆಗಳನ್ನು ಕಾಪಾಡಿದರು. 2015ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. ನಾನು ಹೋದ ದಿನ ಒಬ್ಬ ಅಜ್ಜಿ ತನ್ನ ಮೆಟ್ಟಿಲ ಮೇಲೆ ಕೂತು ಹೂಕುಂಡಕ್ಕೆ ನೀರು ಹಾಕುತ್ತಿದ್ದಳು. ನೀರಿನ ಬಿಲ್ಲು ಅವಳದು, ಮೆಟ್ಟಿಲೂ ಅವಳದು.

‘ಉಭಯ ಕುಶಲ’ ಎಂದು ಈಗ ಧೈರ್ಯವಾಗಿ ಬರೆಯಬಹುದು. ಅವಳಿಗೊಂದು ಸ್ವಂತ ಮನೆಯಿದೆ. ನಿಮಗೂ ಇದೆ, 10 ದಿನದ ನೋಟಿಸಿಗೆ ಯಾರೂ ಬಿಡಿಸಲಾರದಂಥದ್ದು.

ಇತಿ ತಮ್ಮ ವಿಧೇಯ,
ಕ್ವಾರ್ಟರ್ಸಿನ ಹುಡುಗ

ವಿ.ಸೂ.: ಈ ಕಾಗದ ತಲುಪುವುದು ತಡವಾದರೆ ದಯವಿಟ್ಟು ಸೈನ್ಯ ಕರೆಸಬೇಡಿ. ನಮ್ಮ ಕಡೆ ಟಪಾಲು ತಡವಾಗಲು ಮುಷ್ಕರವೇ ಬೇಕೆಂದಿಲ್ಲ.